ಮಗಳಿಗೆ ನೆಲದ ಮೇಲೆ ಗಾದಿ: ನನ್ನ ಅನುಭವ

ಮಗಳು ತೊಟ್ಟಿಲ ಅಂಚು ಹಿಡಿದು ಎದ್ದು ನಿಲ್ಲಲು ಶುರು ಮಾಡಿದಾಗಲೇ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಮಗು ಮೊಣಕಾಲೂರಿ ಏಳುವಂತಾದ ಮೇಲೆ ತೂಗುವ ತೊಟ್ಟಿಲು ಒಳ್ಳೆಯದಲ್ಲ. ಒಂದು ಕಡೆ ಭಾರ ಬಿದ್ದರೆ ವಾಲುತ್ತದೆ, ಮಗು ತಲೆಕೆಳಗಾಗಿ ಬೀಳುತ್ತದೆ. ಅತ್ತೆ ಜೋಲಿ ಕಟ್ಟೋಣ ಅಂದರು. ಮಗು ಅದರಲ್ಲಿ ಸುಮ್ಮನೆ ಮಲಗುತ್ತದೆ, ನಿಜ. ಆದರೆ ಎದ್ದು ಕೂರುವ, ಹೊರಳಾಡುವ ಮಗುವಿಗೆ ಸೀರೆಯ ಜೋಲಿ ಬೇಡವೇ ಬೇಡ ಅಂದೆ. ಆಡುತ್ತಾ ಆಡುತ್ತಾ ಬಟ್ಟೆ ತಿರುಚಿಕೊಂಡು ಕುತ್ತಿಗೆಗೆ ಸುತ್ತಿ ಮಕ್ಕಳು ಜೀವ ಕಳೆದುಕೊಂಡ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲೇ ದಾಖಲಾಗಿವೆ.

ಹಾಗಾದರೆ ಎಲ್ಲಿ ಮಲಗಿಸೋದು? ಕೇಳಿದವರೆಲ್ಲ ಹೇಳಿದ್ದು ಒಂದೇ: ಮಂಚದ ಮೇಲೆ ಮಲಗಿಸು, ಮಂಚವನ್ನು ಗೋಡೆಗೆ ಒತ್ತಿಬಿಡು, ಇನ್ನೊಂದು ಕಡೆ ದಿಂಬು ಇಡು, ಬೀಳೋದಿಲ್ಲ. ನಮಗೆಲ್ಲ ಮಗು ಬೀಳುತ್ತದೆ ಅನ್ನೋ ಭಯವೇ ಜಾಸ್ತಿ. ಆದರೆ ಬಿದ್ದ ಮಗು ಅಳುತ್ತದೆ, ನಮಗೆ ಗೊತ್ತಾಗುತ್ತದೆ. ಸಂದಿಯಲ್ಲಿ ಸಿಕ್ಕಿಕೊಂಡ ಮಗುವಿಗೆ, ಮೂಗು ಬಾಯಿ ಮುಚ್ಚಿಹೋದ ಮಗುವಿಗೆ ಅಳಲು ಆಗೋದಿಲ್ಲ. ಮಂಚ ಎಷ್ಟೇ ಒತ್ತಿದರೂ ಗೋಡೆಗೂ ಗಾದಿಗೂ ನಡುವೆ ನಾಲ್ಕು ಬೆರಳು ಸಂದಿ ಬಿಡುತ್ತದೆ. ರಾತ್ರಿ ಹೊರಳಾಡಿದಂತೆ ಅದು ಇನ್ನಷ್ಟು ಅಗಲವಾಗುತ್ತದೆ. ಮಗುವಿನ ಮೈ ಅದರೊಳಗೆ ಇಳಿದರೆ ತಲೆ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಇನ್ನು ಆಸರೆಗೆ ಇಟ್ಟ ದಿಂಬು ಮುಖದ ಮೇಲೆ ಬೀಳಬಹುದು. ಸ್ವಲ್ಪ ದೊಡ್ಡ ಮಗುವಾದರೆ ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ ಇನ್ನೂ ಎತ್ತರದಿಂದ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಬೆಡ್ ರೇಲ್, ಅಂದರೆ ಮಂಚದ ಅಂಚಿಗೆ ಸಿಕ್ಕಿಸುವ ತಡೆ, ನೋಡಿದೆವು. ಅವನ್ನು ಮಾಡಿರೋದೇ ಎರಡರಿಂದ ಐದು ವರ್ಷದ, ತಾವಾಗಿ ಮಂಚ ಹತ್ತಿ ಇಳಿಯಬಲ್ಲ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರು ರೇಲಿಗೂ ಗಾದಿಗೂ ನಡುವೆ ಸಿಕ್ಕಿಕೊಳ್ಳಬಹುದು.

ಅದಕ್ಕೇ ನೆಲ ಆರಿಸಿದೆವು. ನಮ್ಮ ಹಿರಿಯರೆಲ್ಲ ಮಲಗಿದ್ದು ನೆಲದ ಮೇಲೆಯೇ ಅಲ್ವಾ? ನಾಲ್ಕು ಇಂಚು ಎತ್ತರದಿಂದ ಉರುಳಿದರೆ ಏನೂ ಆಗೋದಿಲ್ಲ. ಗಾದಿಯನ್ನು ಗೋಡೆಗೆ ತಾಗಿಸದೆ, ಎಲ್ಲ ಕಡೆಯಿಂದ ಒಂದಡಿಗಿಂತ ಜಾಸ್ತಿ ದೂರ ಬಿಟ್ಟು ಹಾಕಿದೆವು. ನಮ್ಮದೂ ನೆಲದ ಮೇಲೆಯೇ, ಅದೇ ಕೋಣೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಎರಡು ಗಾದಿಗಳನ್ನು ಜೋಡಿಸಿ ಹಾಕಲಿಲ್ಲ. ಜೋಡಿಸಿದರೆ ನಡುವೆ ಮತ್ತೆ ಅದೇ ಸಂದಿ.

ಗಾದಿ ಆರಿಸಲು ನಾನು ತುಂಬಾ ಹೊತ್ತು ತಗೊಂಡೆ. ಒಂದು ಎರಡು ವರ್ಷದ ಮಕ್ಕಳು ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ಮಲಗಬೇಕು ಅನ್ನುತ್ತಾರೆ. ಹೆಚ್ಚುಕಡಿಮೆ ಅರ್ಧ ದಿನ ಮಗುವಿನ ಮೂಗು ಆ ಗಾದಿಯ ಹತ್ತಿರವೇ ಇರುತ್ತದೆ. ಅಂಗಡಿಯವರು ಮೊದಲು ತೋರಿಸಿದ್ದು ಮೆತ್ತಗಿನ ಫೋಮ್ ಗಾದಿ. ಜೊತೆಗೆ ಎರಡು ಗುಂಡು ದಿಂಬು, ತೊಟ್ಟಿಲ ಒಳಗೆ ಸುತ್ತ ಕಟ್ಟುವ ಮೆತ್ತೆ ಅಂದರೆ ಬಂಪರ್, ಎಲ್ಲ ಒಂದೇ ಸೆಟ್. ಆ ಬಂಪರ್‌ಗಳ ಮಾರಾಟವನ್ನು ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿಯೇ ನಿಲ್ಲಿಸಿದ್ದಾರೆ. ನಮ್ಮಲ್ಲಿ ಇನ್ನೂ ಬಾಣಂತಿಗೆ ಉಡುಗೊರೆ ಕೊಡುತ್ತಾರೆ.

ನಾನು ಅಂಗೈಯನ್ನು ಗಾದಿಯ ನಡುವೆ ಒತ್ತಿ, ಮೈಭಾರ ಹಾಕಿ, ಥಟ್ಟನೆ ತೆಗೆದು ನೋಡಿದೆ. ಫೋಮಿನಲ್ಲಿ ಅಂಗೈ ಗುರುತು ಹಾಗೇ ಉಳಿದು, ನಿಧಾನಕ್ಕೆ ಮೇಲೆ ಬಂತು. ಅಂಥದ್ದು ಬೇಡ. ಮಗು ಮಗುಚಿ ಮಲಗಿದರೆ ಮುಖದ ಸುತ್ತ ಅದೇ ಗುಂಡಿ ಬೀಳುತ್ತದೆ. ಆಮೇಲೆ ಮಗಳನ್ನೇ ಅದರ ಮೇಲೆ ಕೂರಿಸಿ, ಮಲಗಿಸಿ, ಸೊಂಟದ ಕೆಳಗೆ ಎಷ್ಟು ತಗ್ಗುತ್ತದೆ ನೋಡಿದೆ. ಕೊನೆಗೆ ತಗೊಂಡದ್ದು ತೆಂಗಿನ ನಾರಿನ ಗಾದಿ, ನಾಲ್ಕು ಇಂಚು ದಪ್ಪ. ನಮಗೆ ಗಟ್ಟಿ ಅನಿಸುತ್ತದೆ, ಮಗುವಿಗೆ ಸರಿಯಾಗಿದೆ. ಅರಳೆ ಗಾದಿಯೂ ಆಗುತ್ತದೆ. ಆದರೆ ಹೊಸದಾಗಿ ಹಿಂಜಿ ತುಂಬಿದ್ದು ಮೊದಮೊದಲು ತುಂಬಾ ಮೆತ್ತಗಿರುತ್ತದೆ, ಹಳೆಯದಾದರೆ ನಡುವೆ ತಗ್ಗು ಬೀಳುತ್ತದೆ. ಬೂರುಗದ ಹತ್ತಿಯದಂತೂ ಮಗುವಿಗೆ ಬೇಡ. ಹೊಸ ಗಾದಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮನೆಗೆ ತಂದ ಕೂಡಲೇ ಬಿಚ್ಚಿ ಹೊರಗೆ ಹಾಕಿದೆವು. ಕೊಳೆಯಾಗಬಾರದು ಅಂತ ಅದನ್ನು ಹಾಗೇ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ.

ನೆಲದ ಗಾದಿಗೆ ಒಂದು ತೊಂದರೆ ಇದೆ, ಅದು ತೇವ. ಧಾರವಾಡದ ಮಳೆಗಾಲದಲ್ಲಿ ಹಾಗೇ ಬಿಟ್ಟರೆ ಅಡಿಯಲ್ಲಿ ಬೂಸ್ಟು ಬರುತ್ತದೆ. ದಿನಾ ಬೆಳಿಗ್ಗೆ ಎಬ್ಬಿಸಿ ಗೋಡೆಗೆ ಒರಗಿಸಿಡುತ್ತೇನೆ, ಮಗಳ ಮೇಲೆ ಬೀಳದ ಹಾಗೆ ಬಾಗಿಲು ಹಾಕಿದ ಕೋಣೆಯಲ್ಲಿ. ಬಿಸಿಲು ಬಂದರೆ ಮಾಳಿಗೆಗೆ. ಅಡಿಗೆ ಒಂದು ಚಾಪೆ ಹಾಸಿದ್ದೇನೆ.

ಗಾದಿಯ ಮೇಲೆ ಹಾಸೋದಕ್ಕೆ ತೆಳ್ಳಗಿನ ರಬ್ಬರ್ ಶೀಟ್, ಅದರ ಮೇಲೆ ಕೌದಿ. ಮೊಮ್ಮಗಳಿಗೆ ಅಂತ ಅತ್ತೆ ಹಳೇ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು ಕೊಟ್ಟದ್ದು. ಅಂಗಡಿಯಲ್ಲಿ ಸಿಗೋ ಯಾವ ಹಾಸಿಗೆಗೂ ಈ ಗುಣ ಇಲ್ಲ ಅಂತ ನನ್ನ ಅನಿಸಿಕೆ. ಬೆರಳಗಲಕ್ಕೆ ಒಂದೊಂದು ಸಾಲು ಹೊಲಿಗೆ ಇರೋದರಿಂದ ಒಳಗಿನ ಬಟ್ಟೆ ಸರಿಯೋದಿಲ್ಲ, ಮುದ್ದೆಯಾಗೋದಿಲ್ಲ. ಚಪ್ಪಟೆಯಾಗಿ ಕೂರುತ್ತದೆ, ಬೆವರು ಹೀರುತ್ತದೆ, ಎಷ್ಟು ಒಗೆದರೂ ತಾಳುತ್ತದೆ. ಮೂಲೆಗೆ ಕುಚ್ಚು ಬೇಡ ಅಂತ ಕೇಳಿಕೊಂಡೆ. ಮಕ್ಕಳು ಅದನ್ನೇ ಬಾಯಿಗಿಟ್ಟುಕೊಂಡು ಜಗಿಯುತ್ತಾರೆ, ದಾರ ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ. ನಾಲ್ಕೂ ಕಡೆ ಗಾದಿಯ ಅಡಿಗೆ ಮಡಚುವಷ್ಟು ದೊಡ್ಡದಾಗಿ ಹೊಲಿದಿದ್ದಾರೆ.

ಆದರೆ ಕೌದಿ ಹಾಸಲು ಮಾತ್ರ, ಹೊದಿಸಲು ಅಲ್ಲ. ದೊಡ್ಡವರ ಕೌದಿಯ ಭಾರ ಚಿಕ್ಕ ಮಗುವಿಗೆ ತಳ್ಳಲು ಆಗೋದಿಲ್ಲ. ಕಂಬಳಿ, ರಗ್ಗೂ ಅಷ್ಟೇ. ಒಂದು ವರ್ಷ ತುಂಬುವವರೆಗೆ ಮಗುವಿನ ಹತ್ತಿರ ಸಡಿಲವಾದ ಬಟ್ಟೆ ಏನೂ ಇರಬಾರದು. ಗಟ್ಟಿಯಾದ, ಸಪಾಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು ಅನ್ನೋದು ಮಕ್ಕಳ ಡಾಕ್ಟರುಗಳೆಲ್ಲ ಹೇಳುವ ಮಾತು. ವರ್ಷ ದಾಟಿದ ಮೇಲೆ ತೆಳ್ಳಗಿನ ಹೊದಿಕೆ ಕೊಡಬಹುದು. ನಾನು ಆಗಲೂ ಹೊದಿಸಲಿಲ್ಲ. ಹೇಗಿದ್ದರೂ ಒದ್ದು ಬಿಸಾಡುತ್ತಾಳೆ, ಬೆಳಗಿನ ಜಾವ ಚಳಿಗೆ ಮುದುಡಿರುತ್ತಾಳೆ. ಅದರ ಬದಲು ಮೆತ್ತಗಿನ ಫ್ಲಾನೆಲ್ ಬಟ್ಟೆಯಲ್ಲಿ ತೋಳಿಲ್ಲದ ಉದ್ದ ಅಂಗಿ ಹೊಲಿದೆ. ಎದೆಯ ಹತ್ತಿರ ಮೈಗೆ ಸರಿಯಾಗಿ, ಸೊಂಟದಿಂದ ಕೆಳಗೆ ಸಡಿಲವಾಗಿ, ಪಾದ ಹೊರಗಿರುವ ಹಾಗೆ. ಮಗು ಎದ್ದು ನಡೆದರೂ ಎಡವಬಾರದು. ಕುತ್ತಿಗೆ ಅಳತೆ ಮಾತ್ರ ತುಂಬಾ ಜೋಪಾನವಾಗಿ ತಗೊಂಡೆ. ತಲೆ ಒಳಗೆ ಜಾರುವಷ್ಟು ಅಗಲ ಇರಬಾರದು, ನನ್ನ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು. ಗುಂಡಿ ಹಾಕಲಿಲ್ಲ, ಕಿತ್ತು ನುಂಗುತ್ತಾಳೆ. ಲಾಡಿಯೂ ಬೇಡ. ಮುಂದೆ ಜಿಪ್, ಅಷ್ಟೇ.

ಕೈಕಾಲು ತಣ್ಣಗಿದೆ ಅಂತ ಅತ್ತೆ ಟೊಪ್ಪಿ ಹಾಕಲು ಬರುತ್ತಿದ್ದರು. ಮಕ್ಕಳ ಕೈಕಾಲು ಸ್ವಲ್ಪ ತಣ್ಣಗಿರೋದು ಸಹಜ. ನಾನು ಅವರ ಕೈ ಹಿಡಿದು ಮಗಳ ಕತ್ತಿನ ಹಿಂದೆ, ಬೆನ್ನಿನ ಮೇಲೆ ಇಡಿಸಿದೆ. ಅಲ್ಲಿ ಬೆಚ್ಚಗಿದ್ದರೆ ಸಾಕು, ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಬೇಕು. ಮಲಗಿದ ಮಗುವಿನ ಜಾಸ್ತಿಯಾದ ಮೈಕಾವು ತಲೆಯಿಂದಲೂ ಹೊರಹೋಗಬೇಕು, ಹಾಗಾಗಿ ಮನೆಯೊಳಗೆ ಮಲಗಿದ ಮಗುವಿಗೆ ಟೊಪ್ಪಿ ಬೇಡ.

ದಿಂಬಿನ ವಿಷಯಕ್ಕೆ ಮನೆಯಲ್ಲಿ ಜಾಸ್ತಿ ಮಾತಾಯಿತು. "ತಲಿದಿಂಬ ಇಲ್ಲಂದ್ರ ಕೂಸಿನ ಕುತ್ತಿಗಿ ನೋಯ್ತದವಾ" ಅಂತ ಅತ್ತೆ. "ಇಲ್ಲತ್ತಿ, ಅಕಿ ತಲಿನ ಇನ್ನೂ ದೊಡ್ಡದದ, ಭುಜ ಸಣ್ಣವ. ದಿಂಬ ಇಟ್ರ ಗದ್ದ ಎದಿಗೆ ಹತ್ತತದ" ಅಂದೆ. ಮೈಗೆ ಹೋಲಿಸಿದರೆ ಈ ವಯಸ್ಸಿನ ಮಕ್ಕಳ ತಲೆ ದೊಡ್ಡದು. ಸಪಾಟಾಗಿ ಮಲಗಿದರೇ ಕತ್ತು ನೇರ ಇರುತ್ತದೆ. ತಲೆ ದುಂಡಗಾಗಲಿ ಅಂತ ಕೊಡುವ ಸಾಸಿವೆ ದಿಂಬೂ ಬೇಡ, ಹೊಲಿಗೆ ಬಿಟ್ಟರೆ ಕಾಳು ಮೂಗಿಗೆ, ಬಾಯಿಗೆ ಹೋಗುತ್ತದೆ. ಎರಡು ವರ್ಷ ಆಗಲಿ, ಆಮೇಲೆ ತೆಳ್ಳಗಿನ ಸಣ್ಣ ದಿಂಬು ಕೊಡಿ ಅಂದರು ನಮ್ಮ ಡಾಕ್ಟರು. ಹಾಗೇ ಮಾಡಿದೆವು.

ಕೊರಳಿನ ದಾರದ ಬಗ್ಗೆ ಹೇಳೋದು ಕಷ್ಟ, ಯಾಕಂದರೆ ಅದರ ಹಿಂದೆ ಹಿರಿಯರ ಪ್ರೀತಿ ಇರುತ್ತದೆ. ಆದರೂ ಹೇಳಲೇಬೇಕು. ಕಪ್ಪು ದಾರ, ತಾಯಿತ, ಸರ ಏನಿದ್ದರೂ ಮಲಗುವಾಗ ಕೊರಳಲ್ಲಿ ಇರಬಾರದು. ನಾವು ಅದನ್ನು ದೇವರ ಮನೆಯಲ್ಲಿ ಇಟ್ಟೆವು. ಕೈಗೆ ಕಟ್ಟುವ ಬಜೆ ಮಣಿಯೂ ಅಷ್ಟೇ, ದಾರ ಹರಿದರೆ ಮಣಿ ನೇರ ಬಾಯಿಗೆ.

ಇನ್ನು ಸೊಳ್ಳೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ಕೊಡೆಯಂತೆ ಬಿಚ್ಚುವ ಸಣ್ಣ ಪರದೆ ಎಳೆಗೂಸಿಗೆ ಸರಿ. ಹೊರಳಾಡುವ ಮಗು ಅದನ್ನು ಎಳೆದು ಮೈಮೇಲೆ ಹಾಕಿಕೊಳ್ಳುತ್ತದೆ. ನಾವು ಡಬಲ್ ಕಾಟಿನ ಅಳತೆಯ ಚೌಕದ ಪರದೆ ತಂದು, ಹಗ್ಗಗಳನ್ನು ಕಿಟಕಿಯ ಮೇಲಿನ ಮೊಳೆಗೆ ಕಟ್ಟಿ, ತುದಿಯನ್ನು ಗಾದಿಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದೆವು. ಹಗ್ಗದ ಒಂದು ತುಂಡೂ ಕೈಗೆ ಎಟುಕುವಂತೆ ನೇತಾಡಬಾರದು. ಸೊಳ್ಳೆ ಬತ್ತಿಯ ಹೊಗೆ ಬೇಡ. ಮೆಷಿನ್ ಇಟ್ಟರೆ ಅದರ ಎಣ್ಣೆ ವಿಷ, ಮಗುವಿಗೆ ಸಿಗುವ ಪ್ಲಗ್ಗಿಗೆ ಹಾಕಬಾರದು.

ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಲೇಬೇಕು. ಪೆಟ್ಟಿಗೆಯಲ್ಲಿಟ್ಟ ಹಾಸಿಗೆ ಬಟ್ಟೆಗೆ ಡಾಂಬರು ಗುಳಿಗೆ ಹಾಕಿರುತ್ತೇವೆ, ಕೆಲವರು ಇದಕ್ಕೆ ನುಸಿಗುಳಿಗೆ ಅನ್ನುತ್ತಾರೆ. ಜಿ6ಪಿಡಿ ಅನ್ನೋದು ರಕ್ತದ ಕೆಂಪು ಕಣಗಳನ್ನು ಕಾಪಾಡುವ ಒಂದು ಕಿಣ್ವ; ಹುಟ್ಟಿನಿಂದ ಅದರ ಕೊರತೆ ಇರುವ ಮಕ್ಕಳಲ್ಲಿ ಈ ನ್ಯಾಫ್ತಲೀನ್ ಗುಳಿಗೆಯ ವಾಸನೆಯೇ ರಕ್ತದ ಕೆಂಪು ಕಣಗಳನ್ನು ಒಡೆಯಬಹುದು. ಈ ಕೊರತೆ ಇರೋದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರೋದಿಲ್ಲ. ನುಂಗಿದರಂತೂ ಎಲ್ಲ ಮಕ್ಕಳಿಗೂ ಅಪಾಯ. ನಾನು ಅದನ್ನು ಪೂರ್ತಿ ಬಿಟ್ಟೆ, ಬೇವಿನ ಎಲೆ ಒಣಗಿಸಿ ಇಡುತ್ತೇನೆ. ಹಳೇ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ಹಾಸೋದು. ಹಾಸಿಗೆ ಪಕ್ಕದ ಕರ್ಪೂರವೂ ಹಾಗೇ, ಸ್ವಲ್ಪ ನುಂಗಿದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು.

ನೆಲದ ಗಾದಿ ಅಂದರೆ ಮಗು ರಾತ್ರಿ ಯಾವಾಗ ಬೇಕಾದರೂ ಎದ್ದು ಹೋಗಬಹುದು. ಆದ್ದರಿಂದ ಇಡೀ ಕೋಣೆಯನ್ನು ಅವಳಷ್ಟೇ ಎತ್ತರದಿಂದ ನೋಡಿದೆ, ನೆಲದ ಮೇಲೆ ಅಂಬೆಗಾಲಿಟ್ಟು. ಕೆಳಗಿನ ಪ್ಲಗ್ಗುಗಳು, ಚಾರ್ಜರ್ ವೈರು, ಕಿಟಕಿ ಪರದೆಯ ಹುರಿ, ಅಲಮಾರಿಯ ಕೆಳಗಿನ ಖಾನೆ, ಎಲ್ಲ ಕಣ್ಣಿಗೆ ಬಿದ್ದವು. ಖಾನೆ ಎಳೆದು ಹತ್ತಿದರೆ ಅಲಮಾರಿಯೇ ಮುಂದಕ್ಕೆ ಬೀಳುತ್ತದೆ, ಅದನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದೆವು. ಬಾಗಿಲಿನ ಕೆಳಗಿನ ಚಿಲಕ ತೆಗೆಸಿದೆವು. ಬಚ್ಚಲ ಮನೆಗೆ ಮೇಲೆ ಚಿಲಕ ಹಾಕಿಸಿದೆವು. ಬಕೆಟ್ಟಿನಲ್ಲಿ ಸ್ವಲ್ಪ ನೀರಿದ್ದರೂ ತಲೆಕೆಳಗಾಗಿ ಬಿದ್ದ ಮಗುವಿಗೆ ಏಳಲು ಆಗೋದಿಲ್ಲ, ಹಾಗಾಗಿ ರಾತ್ರಿ ಬಕೆಟ್ ಬೋರಲು.

ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ. ವರ್ಷ ದಾಟಿದ ಮಗುವಾದರೆ ಅದಕ್ಕೆ ನಾನು ಬೇಡ ಅನ್ನೋದಿಲ್ಲ. ಗಟ್ಟಿ ಹಾಸಿಗೆ ಇರಲಿ, ನಿಮ್ಮ ದಿಂಬು ಹೊದಿಕೆ ಅದರ ಮುಖಕ್ಕೆ ಬಾರದಿರಲಿ. ಕುಡಿದವರು, ನಿದ್ದೆ ಬರಿಸುವ ಮಾತ್ರೆ ತಗೊಂಡವರು ಪಕ್ಕದಲ್ಲಿ ಮಲಗಬಾರದು. ಸೋಫಾದ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗೋದು ಯಾವಾಗಲೂ ಬೇಡ, ಸಂದಿ ಅಲ್ಲೇ ಜಾಸ್ತಿ.

ಊರಿಗೆ ಹೋಗುವಾಗ ಕೌದಿ, ಪರದೆ, ಉದ್ದ ಅಂಗಿ ಜೊತೆಗೇ ಹೋಗುತ್ತವೆ. ಎತ್ತರದ ಮಂಚ ಬಿಟ್ಟುಕೊಡುತ್ತೇವೆ ಅನ್ನುತ್ತಾರೆ, ಬೇಡ ಅಂತ ಹೇಳಿ ನೆಲಕ್ಕೆ ಚಾಪೆ ಕೇಳುತ್ತೇನೆ. ಹಾಸುವ ಮೊದಲು ಮಂಚದ ಅಡಿ, ಮೂಲೆ ನೋಡುತ್ತೇನೆ. ಹೊಲದ ಮನೆಗಳಲ್ಲಿ ಇಲಿ ಪಾಷಾಣ, ಗಿಡಕ್ಕೆ ಹೊಡೆಯುವ ಔಷಧಿ ಡಬ್ಬಿ ಅಲ್ಲೇ ಇಟ್ಟಿರುತ್ತಾರೆ. ಅವರಿಗೆ ಹೇಳಿ ಅದನ್ನು ಮೇಲೆ ಇಡಿಸಿ, ಆಮೇಲೆ ಹಾಸುತ್ತೇನೆ.