ಉತ್ತರ ಕೊರಿಯಾ ಗುಡುಗಿದಾಗ: ಸುವೊನ್‌ನಲ್ಲಿ ಕೂತು ಬರೆದ ಒಂದು ಕೈಪಿಡಿ

ನಾನಿರುವುದು ಸುವೊನ್‌ನಲ್ಲಿ. ಸೋಲ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಂದ ಕನ್ನಡದವರು ಈ ಕಡೆ ಇದ್ದೇವೆ. ಉತ್ತರ ಕೊರಿಯಾ ಒಂದು ಕ್ಷಿಪಣಿ ಹಾರಿಸಿದರೆ ಸಾಕು, ಅರಸೀಕೆರೆಯಿಂದ ಅಮ್ಮನ ಫೋನು. "ಟೀವಿಲಿ ತೋರಿಸ್ತಾವ್ರೆ ಕಣೇ, ಯುದ್ಧನೇ ಆಯ್ತದಂತೆ. ಸುಮ್ನೆ ಬಂದ್ಬಿಡು ಮಗ." ಊರಿನಿಂದ ಹೊಸದಾಗಿ ಬಂದ ಹುಡುಗರೂ ಕೇಳುವುದು ಇದನ್ನೇ: ಇರೋದಾ, ಹೋಗೋದಾ? ಪ್ರತಿ ಸಲ ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ. ನಾನು ಸೇನೆಯ ವಿಷಯ ಓದಿದವಳಲ್ಲ. ಇಲ್ಲಿ ಬದುಕುವುದಕ್ಕೆ ಎಷ್ಟು ಬೇಕೋ ಅಷ್ಟು ಕಲಿತುಕೊಂಡಿದ್ದೇನೆ.

ಯಾರು ಹೇಳಿದ್ದು, ಯಾರಿಗೆ ಹೇಳಿದ್ದು

ಉತ್ತರದ ಬೆದರಿಕೆಯನ್ನು ಅಂಚೆಯಲ್ಲಿ ಬಂದ ಕಾಗದದ ಹಾಗೆ ನೋಡಿ. ಒಡೆಯುವ ಮೊದಲು ವಿಳಾಸ ಓದಿ. ಬಹಳಷ್ಟು ಸಲ ಅದು ನಿಮ್ಮ ಹೆಸರಿಗೆ ಬಂದಿರುವುದೇ ಇಲ್ಲ.

ಅವರ ಸರ್ಕಾರಿ ಸುದ್ದಿಸಂಸ್ಥೆ ಕೆಸಿಎನ್ಎ. ಅದರಲ್ಲಿ ಬರುವ ಎಷ್ಟೋ ಹೇಳಿಕೆಗಳು ಹೊರಗಿನವರಿಗಾಗಿ ಬರೆದವು. ಅಲ್ಲಿನ ಜನ ಓದುವುದು ಪಕ್ಷದ ಪತ್ರಿಕೆ ರೊಡಾಂಗ್ ಸಿನ್ಮುನ್. ಒಂದು ಬೈಗುಳ ಕೆಸಿಎನ್ಎಯಲ್ಲಿ ಮಾತ್ರ ಬಂದು ಪತ್ರಿಕೆಯಲ್ಲಿ ಬರಲಿಲ್ಲ ಅಂದರೆ, ಸ್ವಂತ ಜನಕ್ಕೆ ಅವರು ಅದನ್ನು ಹೇಳಿಲ್ಲ. ನಾಳೆ ಸದ್ದಿಲ್ಲದೆ ಹಿಂದೆ ಸರಿಯಬಹುದು, ಯಾರೂ ಕೇಳುವುದಿಲ್ಲ. ಪತ್ರಿಕೆಯಲ್ಲೂ ಬಂದು, ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಜನರನ್ನು ಸೇರಿಸಿ ಘೋಷಣೆ ಕೂಗಿಸಿದರೆ ಮಾತ್ರ ಸ್ವಲ್ಪ ಗಮನ ಕೊಡಿ. ಆಗ ಹಿಂದೆ ಸರಿಯುವುದು ಅವರಿಗೂ ಕಷ್ಟ.

ಹೇಳಿದವರು ಯಾರು ಎಂಬುದರಲ್ಲೂ ಮೇಲು ಕೆಳಗು ಇದೆ. ಹೆಸರಿಲ್ಲದ ವ್ಯಾಖ್ಯಾನ ಎಲ್ಲಕ್ಕಿಂತ ಕೆಳಗೆ. ವಕ್ತಾರರ ಮಾತು, ವಿದೇಶಾಂಗ ಸಚಿವಾಲಯದ ಹೇಳಿಕೆ, ಸರ್ಕಾರದ ಹೇಳಿಕೆ ಹೀಗೆ ಮೇಲೆ ಹೋಗುತ್ತದೆ. ಕಿಮ್ ಜಾಂಗ್ ಉನ್ ತನ್ನದೇ ಹೆಸರಿನಲ್ಲಿ, 'ನಾನು' ಎಂದು ಹೇಳಿಕೆ ಕೊಡುವುದು ತೀರಾ ಅಪರೂಪ. 2017ರ ಸೆಪ್ಟೆಂಬರ್ 22ರಂದು ಟ್ರಂಪ್‌ಗೆ ಹಾಗೆ ಉತ್ತರ ಕೊಟ್ಟಿದ್ದ. ತಂಗಿ ಕಿಮ್ ಯೊ ಜಾಂಗ್ ಮಾತ್ರ ಆಗಾಗ ಬರೆಯುತ್ತಾಳೆ, ಖಾರವಾಗಿಯೇ ಬರೆಯುತ್ತಾಳೆ. ಟೀವಿಯವರಿಗೆ ಇವೆಲ್ಲ ಒಂದೇ. ಯಾವುದೋ ವೆಬ್‌ಸೈಟಿನ ಪುಡಿ ಲೇಖನವನ್ನೂ "ಕಿಮ್ ಗುಡುಗು" ಎಂದು ಓದಿಬಿಡುತ್ತಾರೆ.

'ರೆ' ಎಲ್ಲಿದೆ ಹುಡುಕಿ

ಆಮೇಲೆ ಪೂರ್ತಿ ವಾಕ್ಯ ಓದಿ. ಶೀರ್ಷಿಕೆಯಲ್ಲಿ "ಬೂದಿ ಮಾಡುತ್ತೇವೆ" ಅಂತ ಇರುತ್ತದೆ. ಮೂಲದಲ್ಲಿ "ನಮ್ಮ ಮೇಲೆ ಕೈ ಮಾಡಿದರೆ" ಅಂತ ಇರುತ್ತದೆ. ಆ 'ರೆ' ಪ್ಯಾಂಗ್ಯಾಂಗ್‌ನಿಂದ ಅರಸೀಕೆರೆಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. 2010ರ ನವೆಂಬರ್‌ನಲ್ಲಿ ಅವರ ಸೇನೆ ಹೇಳಿದ್ದು, ತಮ್ಮ ಕಡಲಿಗೆ 0.001 ಮಿಲಿಮೀಟರ್ ಕಾಲಿಟ್ಟರೂ ಹೊಡೆಯುತ್ತೇವೆ ಅಂತ. ನಗು ಬರುತ್ತದೆ, ಅಲ್ವಾ? ಆದರೆ ನಗುವ ಮೊದಲು ತಾರೀಖು ನೋಡಿ. ಆ ಮಾತು ಬಂದಿದ್ದು ದಕ್ಷಿಣದ ಯೊನ್‌ಪ್ಯೊಂಗ್ ದ್ವೀಪದ ಮೇಲೆ ಶೆಲ್ ಹಾರಿಸಿದ ದಿನವೇ. ಅದಕ್ಕೆ ಮುಂದೆ ಬರುತ್ತೇನೆ.

ಕ್ಯಾಲೆಂಡರ್ ಒಂದು ಕೈಯಲ್ಲಿರಲಿ. ಮಾರ್ಚ್‌ನಲ್ಲೂ ಆಗಸ್ಟ್‌ನಲ್ಲೂ ಅಮೆರಿಕ ಮತ್ತು ದಕ್ಷಿಣ ಕೊರಿಯಾದ ದೊಡ್ಡ ಜಂಟಿ ತಾಲೀಮು ನಡೆಯುತ್ತದೆ. ಆಗ ಉತ್ತರ ಬೈಯಲೇಬೇಕು. ಏಪ್ರಿಲ್ 15 ಕಿಮ್‌ನ ಅಜ್ಜನ ಹುಟ್ಟುಹಬ್ಬ, ಸೆಪ್ಟೆಂಬರ್ 9 ದೇಶ ಹುಟ್ಟಿದ ದಿನ, ಅಕ್ಟೋಬರ್ 10 ಪಕ್ಷದ ದಿನ. ಮೆರವಣಿಗೆ, ಹೊಸ ಕ್ಷಿಪಣಿ ಎಲ್ಲ ಈ ಸುತ್ತಮುತ್ತ ಜಾಸ್ತಿ.

ಯಾವುದನ್ನು ನಿಜವಾಗಿ ಮಾಡಿದರು

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಭಾಗ. ಹೊರಗಿನವರಲ್ಲಿ ಎರಡು ಪಂಗಡ. ಒಂದು ಹೆದರಿ ಸಾಯುತ್ತದೆ. ಇನ್ನೊಂದು "ನಾಯಿ ಬೊಗಳಿದರೆ ಕಚ್ಚೋದಿಲ್ಲ ಬಿಡ್ರೀ" ಅನ್ನುತ್ತದೆ. ಇಬ್ಬರೂ ಹಳೆಯ ಲೆಕ್ಕ ತೆಗೆದು ನೋಡಿದವರಲ್ಲ.

1994ರ ಮಾರ್ಚ್‌ನಲ್ಲಿ ಗಡಿಯ ಪನ್‌ಮುಂಜೊಂನಲ್ಲಿ ನಡೆದ ಮಾತುಕತೆಯಲ್ಲಿ ಉತ್ತರದ ಪ್ರತಿನಿಧಿ "ಸೋಲ್ ಬೆಂಕಿಯ ಸಮುದ್ರವಾಗುತ್ತದೆ" ಅಂದ. ಸೋಲ್ ಗಡಿಯಿಂದ 50 ಕಿಲೋಮೀಟರ್ ಕೂಡ ದೂರ ಇಲ್ಲ. ಆ ವರ್ಷ ಇಲ್ಲಿನ ಜನ ಅಕ್ಕಿ, ರಾಮ್ಯನ್ ನೂಡಲ್ಸ್ ಪೊಟ್ಟಣ ಕೊಂಡು ಮನೆ ತುಂಬಿಸಿದರು. ನಮ್ಮ ಮನೆಯ ಮಾಲೀಕರಾದ ಅಜ್ಜಿಯೂ ಪೆಟ್ಟಿಗೆಗಟ್ಟಲೆ ತಂದಿದ್ದರಂತೆ. ಮಕ್ಕಳು ತಿಂಗಳುಗಟ್ಟಲೆ ಅದನ್ನೇ ತಿಂದು ಬೇಸತ್ತರಂತೆ. ಬೆಂಕಿ ಬೀಳಲಿಲ್ಲ.

2017ರ ಆಗಸ್ಟ್‌ನಲ್ಲಿ ಪೆಸಿಫಿಕ್‌ನಲ್ಲಿರುವ ಅಮೆರಿಕದ ದ್ವೀಪ ಗುವಾಮ್ ಸುತ್ತ ನಾಲ್ಕು ಹ್ವಾಸಾಂಗ್-12 ಕ್ಷಿಪಣಿ ಹಾರಿಸುವ ಯೋಜನೆ ಪ್ರಕಟಿಸಿದರು. 3,356.7 ಕಿಲೋಮೀಟರ್ ಹಾರುತ್ತವೆ, ದ್ವೀಪದಿಂದ 30-40 ಕಿಲೋಮೀಟರ್ ದೂರದ ನೀರಿಗೆ ಬೀಳುತ್ತವೆ ಅಂತೆಲ್ಲ ವಿವರ. ಗುವಾಮ್‌ನಲ್ಲಿ ಅಧಿಕಾರಿಗಳು, ಸ್ಫೋಟದ ಬೆಳಕನ್ನು ನೋಡಬೇಡಿ ಎಂದು ಜನರಿಗೆ ಸೂಚನೆ ಹಂಚಿದರು. ಆಗಸ್ಟ್ 15ಕ್ಕೆ ಕಿಮ್ "ಅಮೆರಿಕದವರು ಏನು ಮಾಡುತ್ತಾರೋ ಇನ್ನೂ ಸ್ವಲ್ಪ ನೋಡುತ್ತೇನೆ" ಅಂದ, ಅಲ್ಲಿಗೆ ಮುಗಿಯಿತು. ಎರಡು ವಾರದ ಮೇಲೆ ಅದೇ ಜಾತಿಯ ಕ್ಷಿಪಣಿಯನ್ನು ಬೇರೆ ದಿಕ್ಕಿಗೆ, ಜಪಾನಿನ ಹೊಕ್ಕಾಯ್ಡೊ ಮೇಲಿಂದ ಹಾರಿಸಿ ಪೆಸಿಫಿಕ್‌ಗೆ ಬೀಳಿಸಿದರು. ಅಂದರೆ ಅಂಕಿ ಅಂಶ ಜಾಸ್ತಿ ಇದ್ದರೆ ನಿಜ ಅಂತೇನೂ ಅಲ್ಲ.

ಈಗ 2020ರ ಜೂನ್ ನೋಡಿ. ಉತ್ತರದಿಂದ ತಪ್ಪಿಸಿಕೊಂಡು ಬಂದವರು ಗಡಿಯಾಚೆ ಕರಪತ್ರ ಹಾರಿಸುತ್ತಾರೆ ಎಂದು ಕಿಮ್ ಯೊ ಜಾಂಗ್ ಸಿಟ್ಟಾದಳು. ಅವಳ ಮಾತು ಪತ್ರಿಕೆಯಲ್ಲೂ ಬಂತು, ಪ್ಯಾಂಗ್ಯಾಂಗ್‌ನಲ್ಲಿ ಸಭೆಗಳೂ ನಡೆದವು. ಜೂನ್ 9ಕ್ಕೆ ಫೋನ್ ಸಂಪರ್ಕ ಕಡಿದರು. ಜೂನ್ 13ಕ್ಕೆ, ಉತ್ತರದ ಗಡಿ ಊರು ಕೆಸಾಂಗ್‌ನಲ್ಲಿದ್ದ ಎರಡೂ ಕಡೆಯ ಸಂಪರ್ಕ ಕಚೇರಿ ಕುಸಿದು ಬೀಳುವುದನ್ನು ಬೇಗ ನೋಡುತ್ತೀರಿ ಅಂದಳು. ಜೂನ್ 16ರ ಮಧ್ಯಾಹ್ನ ಅದನ್ನು ಉಡಾಯಿಸಿಯೇಬಿಟ್ಟರು. ಕಟ್ಟಡ ಅವರ ನೆಲದ ಮೇಲಿತ್ತು, ದುಡ್ಡು ದಕ್ಷಿಣದ್ದು. ಯಾರೂ ಸಾಯಲಿಲ್ಲ. ಅಗ್ಗದ ಕೆಲಸ.

ಯೊನ್‌ಪ್ಯೊಂಗ್ ಇನ್ನೂ ಕೆಟ್ಟದ್ದು. 2010ರ ನವೆಂಬರ್ 23ರ ಬೆಳಿಗ್ಗೆ, ದಕ್ಷಿಣದ ಸೇನೆಗೆ ತಾಲೀಮು ನಿಲ್ಲಿಸಿ ಎಂದು ಉತ್ತರ ಒಂದು ಸಾದಾ ಸಂದೇಶ ಕಳಿಸಿತ್ತು. ಬೆಂಕಿಯ ಸಮುದ್ರದ ಅಬ್ಬರ ಅದರಲ್ಲಿರಲಿಲ್ಲ. ಮಧ್ಯಾಹ್ನ ಎರಡೂವರೆ ಸುಮಾರಿಗೆ ಸುಮಾರು 170 ಶೆಲ್ ಹಾರಿಸಿದರು. ಇಬ್ಬರು ಸೈನಿಕರು, ಇಬ್ಬರು ನಾಗರಿಕರು ಸತ್ತರು. ಅದೇ ವರ್ಷ ಮಾರ್ಚ್ 26ಕ್ಕೆ ದಕ್ಷಿಣದ ಚೊನಾನ್ ಎಂಬ ಯುದ್ಧನೌಕೆ ಮುಳುಗಿ 46 ನಾವಿಕರು ಹೋದರು. ಟಾರ್ಪೆಡೊ ಉತ್ತರದ್ದು ಎಂದು ಅಂತರರಾಷ್ಟ್ರೀಯ ತನಿಖೆ ಹೇಳಿತು, ಉತ್ತರ ಇವತ್ತಿಗೂ ಒಪ್ಪುವುದಿಲ್ಲ. ಅದಕ್ಕೆ ಮುಂಚೆ "ಈ ನೌಕೆ ಮುಳುಗಿಸುತ್ತೇವೆ" ಅಂತ ಯಾರೂ ಹೇಳಿರಲಿಲ್ಲ.

ಹಾಗಾಗಿ ನಾನು ನೋಡುವುದು ಗಂಟಲಿನ ಜೋರನ್ನಲ್ಲ. ಈ ಕೆಲಸ ಮಾಡಿದರೆ ಅವರಿಗೆ ಬೀಳುವ ಪೆಟ್ಟು ಎಷ್ಟು? ಗುವಾಮ್‌ಗೆ ಹೊಡೆದರೆ ಅವರ ಕಥೆಯೇ ಮುಗಿಯಬಹುದು. ತಮ್ಮದೇ ನೆಲದ ಕಟ್ಟಡ ಬೀಳಿಸಿದರೆ, ತಕರಾರಿರುವ ಪಶ್ಚಿಮ ಸಮುದ್ರದಲ್ಲಿ ಒಂದು ಗುದ್ದು ಕೊಟ್ಟರೆ, ದಕ್ಕಿಸಿಕೊಳ್ಳಬಹುದು. ಸಣ್ಣ ದನಿಯಲ್ಲಿ, ಇಂಥದೇ ಜಾಗದ ಬಗ್ಗೆ, ಇಂಥದೇ ಕೆಲಸ ನಿಲ್ಲಿಸಿ ಅಂದಾಗ ನನಗೆ ಕಿವಿ ನೆಟ್ಟಗಾಗುತ್ತದೆ.

ಬಾಯಿಯನ್ನಲ್ಲ, ಕಾಲನ್ನು ನೋಡಿ

2013ರ ಏಪ್ರಿಲ್‌ನಲ್ಲಿ ಪ್ಯಾಂಗ್ಯಾಂಗ್‌ನ ವಿದೇಶಿ ರಾಯಭಾರ ಕಚೇರಿಗಳಿಗೆ, 10ನೇ ತಾರೀಖಿನ ನಂತರ ನಿಮ್ಮ ಸುರಕ್ಷತೆಗೆ ನಾವು ಹೊಣೆಯಲ್ಲ ಎಂಬ ಸೂಚನೆ ಹೋಯಿತು. ಪ್ರಪಂಚದ ಟೀವಿಗಳೆಲ್ಲ ಕುದಿದವು. ಕಚೇರಿಯವರು ಜಾಗ ಬಿಟ್ಟು ಕದಲಲಿಲ್ಲ. ಅದೇ ತಿಂಗಳು, ದಕ್ಷಿಣದ ಕಂಪನಿಗಳಿದ್ದ ಕೆಸಾಂಗ್ ಕೈಗಾರಿಕಾ ವಲಯದಿಂದ ತಮ್ಮ ಸುಮಾರು 53,000 ಕೆಲಸಗಾರರನ್ನು ವಾಪಸ್ ಕರೆಸಿಕೊಂಡರು. ಇದು ನಿಜವಾದ ಹೆಜ್ಜೆ, ಏಕೆಂದರೆ ಅವರ ಕೈಗೆ ಬರುವ ದುಡ್ಡೇ ನಿಂತಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದರು.

ಭಾರತಕ್ಕೂ ಪ್ಯಾಂಗ್ಯಾಂಗ್‌ನಲ್ಲಿ ರಾಯಭಾರ ಕಚೇರಿ ಇದೆ. 2021ರಲ್ಲಿ ನಮ್ಮ ಸಿಬ್ಬಂದಿ ಅಲ್ಲಿಂದ ಹೊರಟಿದ್ದು ಕೋವಿಡ್ ಕಾಲದ ಕಾರಣಕ್ಕೆ, ಯುದ್ಧದ ಭಯಕ್ಕಲ್ಲ. 2024ರ ಕೊನೆಯಲ್ಲಿ ಮತ್ತೆ ಹೋದರು. ನೀವು ಚಿಂತೆ ಮಾಡಬೇಕಾದ್ದು ಯಾವಾಗ ಅಂದರೆ, ಸೋಲ್‌ನ ರಾಯಭಾರ ಕಚೇರಿಗಳು ಕುಟುಂಬಗಳನ್ನು ಕಳಿಸಲು ಶುರು ಮಾಡಿದಾಗ, ಅಮೆರಿಕದ ಸೇನೆ ತನ್ನವರ ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿದಾಗ. ಸುವೊನ್‌ನಲ್ಲಿ ಯುದ್ಧವಿಮಾನದ ಸದ್ದು ಕೇಳಿದಾಗ ಅಲ್ಲ. ಇಲ್ಲಿ ವಾಯುನೆಲೆಯೇ ಇದೆ, ಸದ್ದು ಮಾಮೂಲು.

ಸತ್ತವರು ಎದ್ದು ಬರುತ್ತಾರೆ

ಉತ್ತರದ ಒಳಗಿನ ಸಾವಿನ ಸುದ್ದಿ ಬಂದರೆ ಫಾರ್ವರ್ಡ್ ಮಾಡಬೇಡಿ, ಕಾಯಿರಿ. 2013ರಲ್ಲಿ ಗಾಯಕಿ ಹ್ಯೊನ್ ಸೊಂಗ್ ವೊಲ್ ಅವರನ್ನು ಗುಂಡಿಟ್ಟು ಕೊಂದರು ಎಂದು ಇಲ್ಲಿನ ದೊಡ್ಡ ಪತ್ರಿಕೆಯೊಂದು ಬರೆಯಿತು. ಮರುವರ್ಷ ಆಕೆ ಅಲ್ಲಿನ ಟೀವಿಯಲ್ಲಿ ಕಾಣಿಸಿಕೊಂಡರು. 2018ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುಂಚೆ ನಿಯೋಗದ ಮುಖ್ಯಸ್ಥೆಯಾಗಿ ದಕ್ಷಿಣಕ್ಕೇ ಬಂದರು, ಕ್ಯಾಮೆರಾಗಳು ಹಿಂದೆ ಹಿಂದೆ ಓಡಿದವು. ಕಿಮ್‌ನ ಮಾವ, ಅಂದರೆ ಸೋದರತ್ತೆಯ ಗಂಡ, ಚಾಂಗ್ ಸೊಂಗ್ ತೆಕ್‌ಗೆ 2013ರ ಡಿಸೆಂಬರ್‌ನಲ್ಲಿ ಮರಣದಂಡನೆ ಆಗಿದ್ದು ನಿಜ, ಸರ್ಕಾರವೇ ಹೇಳಿತು. ನಾಯಿಗಳಿಗೆ ಹಾಕಿದರು ಅನ್ನುವುದು ಚೀನಾದ ಒಬ್ಬ ವಿಡಂಬನಕಾರ ಬರೆದ ತಮಾಷೆ. 2020ರ ಏಪ್ರಿಲ್‌ನಲ್ಲಿ ಸುದ್ದಿಯವರು ಕಿಮ್‌ನನ್ನೇ ಸಾಯಿಸಿಬಿಟ್ಟರು. ನಮ್ಮ ಕನ್ನಡ ಚಾನೆಲ್ಲುಗಳಲ್ಲಿ ಮುಂದಿನ ಉತ್ತರಾಧಿಕಾರಿ ಯಾರು ಅನ್ನುವ ಚರ್ಚೆಯೂ ಆಯಿತು. ಮೇ 1ಕ್ಕೆ ಆತ ಸುಂಚೊನ್‌ನ ಗೊಬ್ಬರದ ಕಾರ್ಖಾನೆಯಲ್ಲಿ ಟೇಪು ಕತ್ತರಿಸುತ್ತಿದ್ದ.

ಇದೆಲ್ಲ ಸುಲಭವಾಗಿ ನಡೆಯುವುದಕ್ಕೆ ಒಂದು ಕಾರಣ ಇದೆ. ಸುಳ್ಳು ಬರೆದರೆ ಕೇಸು ಹಾಕುವವರು ಯಾರೂ ಇಲ್ಲ. ಆ ದೇಶ ಅಂದರೆ ಏನು ಹೇಳಿದರೂ ನಡೆಯುತ್ತದೆ ಎಂದು ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ.

ಇಲ್ಲಿ ಇರುವವರು ಬಾಯಿ ಬಿಡುವ ಮೊದಲು

ಕಿಮ್ ಮೀಮ್‌ಗಳನ್ನು ಆಫೀಸ್ ಗುಂಪಿನಲ್ಲಿ ಹಾಕಬೇಡಿ. ಉತ್ತರದಿಂದ ಬಂದು ನೆಲೆಸಿದವರು ಈ ದೇಶದಲ್ಲಿ 34,000ಕ್ಕೂ ಹೆಚ್ಚು. ಪಕ್ಕದ ಕುರ್ಚಿಯಲ್ಲೇ ಇರಬಹುದು, ಹೇಳಿಕೊಂಡಿರುವುದಿಲ್ಲ. ಯುದ್ಧದಲ್ಲಿ ಬೇರೆಯಾದ ಬಂಧುಗಳನ್ನು ನೋಡಬೇಕೆಂದು ಹೆಸರು ಬರೆಸಿದವರು 1,30,000ಕ್ಕೂ ಮೇಲೆ, ಬಹಳಷ್ಟು ಮಂದಿ ತೀರಿಹೋಗಿದ್ದಾರೆ. "ನಿಮಗೆ ಭಯ ಆಗಲ್ವಾ?" ಎಂದು ಕೇಳಿದರೆ ಕೊರಿಯಾದವರು ನಕ್ಕು ಸುಮ್ಮನಾಗುತ್ತಾರೆ. ಅದು ಅಸಡ್ಡೆ ಅಲ್ಲ. ಬಹುತೇಕ ಗಂಡುಮಕ್ಕಳು ಒಂದೂವರೆ ವರ್ಷವೋ ಅದಕ್ಕಿಂತ ಹೆಚ್ಚೋ ಸೇನೆಯಲ್ಲಿ ಕಳೆದು ಬಂದಿರುತ್ತಾರೆ. ಅವರಿಗೆ ಗೊತ್ತಿರುವಷ್ಟು ನಮ್ಮ ಟೀವಿಗೆ ಗೊತ್ತಿಲ್ಲ.

ಕಾನೂನೂ ಇದೆ. ಉತ್ತರವನ್ನು ಹೊಗಳುವುದು ರಾಷ್ಟ್ರೀಯ ಭದ್ರತಾ ಕಾಯ್ದೆಯ 7ನೇ ವಿಧಿಯಡಿ ಅಪರಾಧ ಆಗಬಹುದು. ಉತ್ತರದ ಟ್ವೀಟುಗಳನ್ನು ಅಣಕಕ್ಕೆಂದು ಹಂಚಿದ ಯುವಕನೊಬ್ಬನಿಗೆ 2012ರಲ್ಲಿ ಇದೇ ಸುವೊನ್ ನ್ಯಾಯಾಲಯ ಶಿಕ್ಷೆ ಹಾಕಿತು. ಮೇಲ್ಮನವಿಯಲ್ಲಿ ಬಿಡುಗಡೆ ಆಯಿತು, ಆದರೆ ಅಷ್ಟು ವರ್ಷ ಅಲೆದ. ವೀಸಾ ಮೇಲೆ ಇರುವ ನಮಗೆ ಈ ತಮಾಷೆ ಬೇಡ.

ಬೆದರಿಕೆಯನ್ನು ದಕ್ಷಿಣದ ರಾಜಕಾರಣಿಗಳೂ ಬಳಸುತ್ತಾರೆ, ಅದನ್ನೂ ನೆನಪಿಡಿ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಉತ್ತರದ ಹೆಸರು ಹೇಳಿ ಸೇನಾಡಳಿತ ಘೋಷಿಸಿದರು. ಉತ್ತರ ಆವತ್ತು ಏನೂ ಮಾಡಿರಲಿಲ್ಲ. ಬೆಳಗಾಗುವ ಮೊದಲೇ ಸಂಸತ್ತು ಸೇರಿ ಅದನ್ನು ರದ್ದು ಮಾಡಿಸಿತು.

ಫೋನು ಕಿರುಚಿದರೆ

2023ರ ಮೇ 31ರ ಬೆಳಿಗ್ಗೆ 6:41ಕ್ಕೆ ಸೋಲ್‌ನಲ್ಲಿರುವವರ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಸ್ಥಳ ಬಿಡಲು ಸಿದ್ಧರಾಗಿ ಅಂತ ಸಂದೇಶ. ಯಾಕೆ, ಎಲ್ಲಿಗೆ, ಯಾವುದೂ ಇಲ್ಲ. ಕೊರಿಯನ್ ಬಾರದ ನನ್ನ ಗೆಳತಿ ಪೈಜಾಮದಲ್ಲೇ ಮೆಟ್ಟಿಲಿಳಿದಳು. ಅರ್ಧ ಗಂಟೆ ಆಗುವ ಮೊದಲೇ, ಅದು ತಪ್ಪಾಗಿ ಹೋಗಿದ್ದು ಎಂದು ಗೃಹ ಸಚಿವಾಲಯ ಇನ್ನೊಂದು ಸಂದೇಶ ಕಳಿಸಿತು. ಉತ್ತರ ಒಂದು ಉಪಗ್ರಹ ಹಾರಿಸಿತ್ತು, ಅದೂ ಸಮುದ್ರಕ್ಕೆ ಬಿತ್ತು.

ಅದಕ್ಕೇ ಮೊದಲೇ ಮಾಡಿಕೊಳ್ಳಬೇಕಾದ್ದನ್ನು ಮಾಡಿಕೊಳ್ಳಿ. ಸರ್ಕಾರದ ತುರ್ತು ಆ್ಯಪ್ ಇಂಗ್ಲಿಷ್‌ನಲ್ಲೂ ಇದೆ, ಹಾಕಿಕೊಳ್ಳಿ. ಹತ್ತಿರದ ಆಶ್ರಯತಾಣ ಅದರಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಅದು ಮೆಟ್ರೊ ನಿಲ್ದಾಣ ಅಥವಾ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್. ಒಂದು ಭಾನುವಾರ ನಡೆದುಹೋಗಿ ಬಾಗಿಲು ಎಲ್ಲಿದೆ ನೋಡಿ ಬನ್ನಿ. ಸೋಲ್‌ನಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್, ಗುರುತಿನ ಚೀಟಿ, ಸ್ವಲ್ಪ ನಗದು, ದಿನಾ ತೆಗೆದುಕೊಳ್ಳುವ ಮಾತ್ರೆ, ನೀರು ಒಂದು ಚೀಲದಲ್ಲಿರಲಿ. ಭೂಕಂಪವಾದರೂ ಬೆಂಕಿ ಬಿದ್ದರೂ ಅದೇ ಚೀಲ. ಸಂದೇಶ ಅರ್ಥವಾಗದಿದ್ದರೆ ವಿದೇಶಿಯರ ಸಹಾಯವಾಣಿ 1345ಕ್ಕೆ ಫೋನ್ ಮಾಡಿ, ಬೆಂಕಿ ಅಥವಾ ಆಂಬುಲೆನ್ಸ್‌ಗೆ 119.

2024ರ ಮೇ ಕೊನೆಯಿಂದ ಉತ್ತರ ಕಸ ತುಂಬಿದ ಬಲೂನುಗಳನ್ನು ಕಳಿಸಿತು. ಕಾಗದದ ಚೂರು, ಹರಿದ ಬಟ್ಟೆ, ಸಿಗರೇಟು ತುಂಡು. ಅಂಥದ್ದು ಮತ್ತೆ ಎಲ್ಲಾದರೂ ಬಿದ್ದಿದ್ದರೆ ಮುಟ್ಟಬೇಡಿ, ಪಕ್ಕದಲ್ಲಿ ನಿಂತು ಸೆಲ್ಫಿಯೂ ಬೇಡ. ಪೊಲೀಸರ 112 ಅಥವಾ ಸೇನೆಯ 1338ಕ್ಕೆ ತಿಳಿಸಿ, ಬಿದ್ದ ಜಾಗ ಸರಿಯಾಗಿ ಹೇಳಿ. ಅವರು ಬರುವ ತನಕ ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡಬೇಡಿ.