ಆಪ್ಷನ್ ಎಂಟ್ರಿ: ಕೈ ನಡುಗದೆ ಪಟ್ಟಿ ಮಾಡುವುದು ಹೇಗೆ?

ಸಿಇಟಿ ರ‍್ಯಾಂಕು ಬಂದ ವಾರ ನಮ್ಮ ಮನೆ ಜಗುಲಿ ತುಂಬಿರುತ್ತದೆ. ಪಿಯು ಮಕ್ಕಳಿಗೆ ಗಣಿತ ಹೇಳುವವನು ಎಂಬ ಒಂದೇ ಕಾರಣಕ್ಕೆ ಯಾವ ಕಾಲೇಜು, ಯಾವ ಬ್ರಾಂಚು ಎಂಬ ಪ್ರಶ್ನೆಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ. ಪರೀಕ್ಷೆಗೆ ಎರಡು ವರ್ಷ ಓದಿಸಿದ ಮನೆಗಳು ಆಪ್ಷನ್ ಪಟ್ಟಿಗೆ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ಜಾಲತಾಣದಲ್ಲಿ ತುಂಬುವ ಪಟ್ಟಿಗೆ, ಎರಡು ಗಂಟೆ ಕೊಡುವುದಿಲ್ಲ. ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ‘ಸಾರ್, ಓಟಿಪಿ ಬರ್ತಿಲ್ಲ’ ಅಂತ ಫೋನು. ಒಳ್ಳೆಯ ರ‍್ಯಾಂಕಿನವರು ಕೆಟ್ಟ ಪಟ್ಟಿ ಮಾಡಿ ಅತ್ತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಹಂತ 1: ಮೊದಲ ದಿನ ಪಟ್ಟಿ ಮುಟ್ಟಬೇಡಿ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಸಿಇಟಿಯದು, ಅರ್ಧ ಪಿಯು ಅಂಕದ್ದು. ಸಿಇಟಿಯಲ್ಲಿ ಚೆನ್ನಾಗಿ ಮಾಡಿದೆ ಎಂದುಕೊಂಡವರಿಗೂ ಸಂಖ್ಯೆ ನೋಡಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗೆ ಆಗಬಹುದು. ಆಗಲಿ. ಆ ದಿನ ಊಟ, ನಿದ್ದೆ ಬಿಟ್ಟರೆ ಬೇರೇನೂ ಬೇಡ. ‘ಎಷ್ಟು ಬಂತು?’ ಎಂದು ಫೋನು ಮಾಡುವ ಚಿಕ್ಕಪ್ಪಂದಿರಿಗೆ ಒಂದೇ ಸಾಲಿನ ಉತ್ತರ ಮೊದಲೇ ತಯಾರಿಟ್ಟುಕೊಳ್ಳಿ: ‘ರ‍್ಯಾಂಕು ಬಂದಿದೆ ಚಿಕ್ಕಪ್ಪ, ಸೀಟು ಆದಮೇಲೆ ನಾನೇ ಫೋನ್ ಮಾಡ್ತೀನಿ.’ ಫೋನು ಎತ್ತುವವರು ಮಕ್ಕಳಲ್ಲ, ಅಪ್ಪ ಅಮ್ಮ. ಇದರಲ್ಲಿ ನನ್ನದು ರಾಜಿ ಇಲ್ಲದ ಹಟ.

ಹಂತ 2: ಕಟಾಫ್ ನೋಡುವುದು, ಅಂದರೆ ಯಾವ ಕಾಲೇಜು-ಬ್ರಾಂಚಿನ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬುದನ್ನು. ಹಿಂದಿನ ವರ್ಷದ ಪಟ್ಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ. ನಿಮ್ಮ ಮೀಸಲಾತಿ ವರ್ಗದ ಕಾಲಂ ನೋಡಿ, ಸೀಟು ಹಂಚಿಕೆಯ ಯಾವ ಸುತ್ತಿನದು ಎಂದೂ ನೋಡಿ. 2ಎ ಹುಡುಗನೊಬ್ಬ ಜಿಎಂ (ಸಾಮಾನ್ಯ ವರ್ಗ) ಕಾಲಂ ಒಂದನ್ನೇ ನೋಡಿ ಎರಡು ದಿನ ಮುಸುಕು ಹಾಕಿ ಮಲಗಿದ್ದ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವನು. ಅವನ ಮೀಸಲಾತಿಗಳೆಲ್ಲ ಪರಿಶೀಲನೆಯಲ್ಲಿ ಪಾಸಾಗಿದ್ದವು. 2ಎಜಿ (2ಎ ಸಾಮಾನ್ಯ), 2ಎಕೆ (ಕನ್ನಡ ಮಾಧ್ಯಮ), 2ಎಆರ್ (ಗ್ರಾಮೀಣ) ಎಂದು ಅದೇ ಪಟ್ಟಿಯಲ್ಲಿ ಮೂರು ಕಾಲಂ ಇದ್ದದ್ದು ಕಣ್ಣಿಗೇ ಬಿದ್ದಿರಲಿಲ್ಲ.

ದುಡ್ಡು ಕೇಳಿ ‘ನಿಮಗೆ ಸಿಗುವ ಕಾಲೇಜು ಇದೇ’ ಎಂದು ಭವಿಷ್ಯ ಹೇಳುವ ಆ್ಯಪುಗಳ ಬಗ್ಗೆ ಕೇಳುತ್ತಾರೆ. ಬೇಡ. ಅದೇ ಕಟಾಫ್ ಪಟ್ಟಿಗೆ ಬಣ್ಣ ಬಳಿದು ಮಾರುತ್ತಾರೆ. ನಂಬರು ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲದ ಹಾಗೆ ಫೋನು ಮಾಡಿ ‘ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಸೀಟು ಖಾತ್ರಿ’ ಎನ್ನುವ ಏಜೆಂಟರಂತೂ ಹೆದರಿದವರ ಹೆದರಿಕೆಯಲ್ಲೇ ಹೊಟ್ಟೆ ಹೊರೆಯುವವರು. ಇವತ್ತೇ ಹೇಳಿ ಎನ್ನುವವರಿಗೆ ಇವತ್ತು ಹೇಳಬಾರದು.

ಹಂತ 3: ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟಿನ ಎಲೆಯಷ್ಟು ಕತ್ತರಿಸಿ, ಖಾಲಿ ಬದಿಯಲ್ಲಿ ಒಂದು ಚೀಟಿಗೆ ಒಂದು ಕಾಲೇಜು-ಬ್ರಾಂಚು ಬರೆಯಿರಿ. ಎಕ್ಸೆಲ್ ಬೇಡ. ಪರದೆಯ ಮೇಲೆ ಸಾಲು ಮೇಲೆ ಕೆಳಗೆ ಮಾಡುತ್ತಾ ಕೂತವರು ಯೋಚನೆಯನ್ನೇ ಮಾಡುವುದಿಲ್ಲ.

ಹಂತ 4: ಕ್ರಮ. ಎಲ್ಲರೂ ಎಡವುವ ಜಾಗ ಇದು, ಸ್ವಲ್ಪ ನಿಂತು ಓದಿ.

ಹೆಚ್ಚಿನವರು ಸಿಗುವ ಸಾಧ್ಯತೆ ನೋಡಿ ಕ್ರಮ ಹಾಕುತ್ತಾರೆ. ‘ಆ ಕಾಲೇಜು ಹೇಗೂ ಸಿಗಲ್ಲ, ಅದನ್ನ ಮೇಲಿಟ್ಟರೆ ಸಿಗೋದೂ ಕೈತಪ್ಪುತ್ತೆ’ ಎಂಬ ಭಯ. ಸೀಟು ಹಂಚಿಕೆ ಹಾಗೆ ನಡೆಯುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಆಟ ಇದಲ್ಲ. ಕಂಪ್ಯೂಟರು ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ನಿಮ್ಮದು 24,000 ರ‍್ಯಾಂಕು, ಒಂದು ಕಾಲೇಜನ್ನು ಒಂಬತ್ತನೆಯದಾಗಿ ಬರೆದಿದ್ದೀರಿ ಅನ್ನಿ. 30,000ದವನು ಅದನ್ನೇ ಒಂದನೆಯದಾಗಿ ಬರೆದಿದ್ದಾನೆ. ಇಬ್ಬರೂ ಒಂದೇ ಕೋಟಾದವರು, ಉಳಿದದ್ದು ಒಂದೇ ಸೀಟು. ನಿಮ್ಮ ಮೇಲಿನ ಎಂಟೂ ತುಂಬಿದ್ದರೆ ಅದು ನಿಮಗೇ. ಮೇಲೆ ಎಂಟು ಆಸೆ ಬರೆದದ್ದರಿಂದ ನಿಮಗೆ ಚಿಕ್ಕಾಸಿನ ನಷ್ಟವೂ ಆಗಲಿಲ್ಲ.

ತಿರುಗಾಮುರುಗಾ ಬರೆದರೆ ಮಾತ್ರ ನಷ್ಟ. ಸಿಗುತ್ತದೆ ಎಂಬ ಧೈರ್ಯಕ್ಕೆ ಸಾಧಾರಣ ಕಾಲೇಜನ್ನು ಮೇಲಿಟ್ಟಿರೋ, ಅದು ಸಿಕ್ಕೇ ಸಿಗುತ್ತದೆ. ಅದರ ಕೆಳಗಿದ್ದ ಆಸೆಯ ಕಾಲೇಜನ್ನು ಕಂಪ್ಯೂಟರು ತೆರೆದೂ ನೋಡುವುದಿಲ್ಲ. ಹಾಗಾಗಿ ಕ್ರಮಕ್ಕೆ ಅಳತೆಗೋಲು ಒಂದೇ: ಬೇಕು ಎನ್ನುವುದು. ಕಟಾಫ್ ನೋಡಿದ್ದು ಪಟ್ಟಿ ಎಷ್ಟು ಕೆಳಗೆ ಇಳಿಯಬೇಕು ಎಂದು ತಿಳಿಯಲು ಮಾತ್ರ.

ಬೇಕು ಎನ್ನುವುದನ್ನು ಕಂಡುಕೊಳ್ಳುವುದೇ ಕಷ್ಟ. ಅದಕ್ಕೇ ಚೀಟಿ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಹರಡಿಕೊಂಡು ಕೂತರೆ ತಲೆ ಕೆಡುತ್ತದೆ. ಎರಡೇ ಚೀಟಿ ಕೈಗೆತ್ತಿಕೊಂಡು ಕೇಳಿ: ‘ಎರಡೂ ಸೀಟು ಈಗ ನಿನ್ನ ಕೈಯಲ್ಲಿವೆ. ಯಾವುದನ್ನ ಬಿಡ್ತೀಯ?’ ಗೆದ್ದದ್ದು ಮೇಲೆ. ಮೂರನೆಯದನ್ನು ತೆಗೆದುಕೊಂಡು ಕೆಳಗಿನದರ ಜೊತೆ ಹೋಲಿಸಿ, ಗೆದ್ದರೆ ಮೇಲಿನದರ ಜೊತೆ. ಇಸ್ಪೀಟಿನ ಎಲೆ ಜೋಡಿಸಿದ ಹಾಗೆ ಸಾಲು ತಾನಾಗಿ ಬೆಳೆಯುತ್ತದೆ. ಪ್ರತಿ ಗೆಲುವಿಗೂ ಚೀಟಿಯ ಮೇಲೆ ಎರಡು ಪದದ ಕಾರಣ ಬರೆಯಬೇಕು. ‘ಮನೆಯಿಂದ ಬಸ್ಸು.’ ‘ಫೀಸು ಕಡಿಮೆ.’ ‘ಲ್ಯಾಬ್ ಚೆನ್ನಾಗಿದೆ.’ ಕಾರಣದ ಜಾಗದಲ್ಲಿ ‘ಎಲ್ಲರೂ ಹೇಳ್ತಾರೆ’ ಎಂದು ಬಂದರೆ ಆ ಚೀಟಿಯನ್ನು ಪಕ್ಕಕ್ಕಿಟ್ಟು, ಸಾಧ್ಯವಾದರೆ ಆ ಕಾಲೇಜಿಗೆ ಹೋಗಿ ಬನ್ನಿ. ಸ್ವಾಗತ ಕೋಣೆಯ ಸೋಫಾದಲ್ಲಿ ಕೂತು ಬರಬೇಡಿ. ಹಾಸ್ಟೆಲಿನ ಊಟದ ಮನೆಗೆ ಹೋಗಿ, ಎರಡನೇ ವರ್ಷದ ಒಬ್ಬರನ್ನು ಮಾತಾಡಿಸಿ.

ಹಿಂದೊಂದು ವರ್ಷ ನಮ್ಮ ಬೀದಿಯ ಹುಡುಗಿಗೆ ಸಿವಿಲ್ ಬೇಕಿತ್ತು, ಅವರಪ್ಪನಿಗೆ ಕಂಪ್ಯೂಟರ್ ಸೈನ್ಸ್. ಇಬ್ಬರನ್ನೂ ಜಗುಲಿಯಲ್ಲಿ ಕೂರಿಸಿ, ಒಬ್ಬರಿಗೊಬ್ಬರು ತೋರಿಸದೆ ಬೇರೆ ಬೇರೆ ಚೀಟಿ ಜೋಡಿಸಲು ಹೇಳಿದೆ. ಮುಗಿದ ಮೇಲೆ ಅಪ್ಪನ ಕಾರಣಗಳನ್ನು ಅವಳೇ ಗಟ್ಟಿಯಾಗಿ ಓದಿದಳು: ‘ಬೇಗ ಕೆಲಸ’, ‘ಬೇಗ ಕೆಲಸ’, ‘ಬೇಗ ಕೆಲಸ’. ನಾಲ್ಕನೆಯದರಲ್ಲಿ ‘ನನ್ನ ಸಾಲ’ ಎಂದಿತ್ತು. ಅವಳು ಓದುವುದು ನಿಲ್ಲಿಸಿದಳು. ‘ಸಾಲ ಇದೆ ಅಂತ ನಂಗ್ಯಾಕೆ ಹೇಳ್ಲಿಲ್ಲ ಅಪ್ಪಾ?’ ಎಂದಳು. ಅಪ್ಪ ಚಪ್ಪಲಿ ಹುಡುಕುತ್ತಾ ಎದ್ದರು. ಮರುದಿನ ಬಂದಾಗ ಇಬ್ಬರ ಕೈಯಲ್ಲೂ ಒಂದೇ ಪಟ್ಟಿ ಇತ್ತು: ಸರ್ಕಾರಿ ಕಾಲೇಜುಗಳ ಸಿವಿಲ್ ಮೇಲೆ, ಆಮೇಲೆ ಹತ್ತಿರದ ಎರಡು ಕಡೆಯ ಕಂಪ್ಯೂಟರು, ದೊಡ್ಡ ಫೀಸಿನವು ಒಂದೂ ಇಲ್ಲ. ಬ್ರಾಂಚಿನ ಜಗಳ ಎಂದುಕೊಂಡದ್ದು ದುಡ್ಡಿನ ಜಗಳವಾಗಿರುವುದು ನಮ್ಮ ಕಡೆ ಅಪರೂಪವೇನಲ್ಲ.

ಕೆಳತುದಿಗೂ ಒಂದು ಪರೀಕ್ಷೆ ಉಂಟು. ‘ಇರಲಿ, ಸೇರಿಸಿಡೋಣ’ ಎಂದು ಕೊನೆಗೆ ತುಂಬುತ್ತಾರಲ್ಲ, ಅವುಗಳಲ್ಲಿ ಪ್ರತಿಯೊಂದಕ್ಕೂ ಕೇಳಿ: ಇದೊಂದೇ ಸಿಕ್ಕಿದರೆ ಸೋಮವಾರ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತೇನೆಯೇ? ಇಲ್ಲ ಎಂದಾದರೆ ಹರಿದು ಬಿಸಾಡಿ. ಹೌದು ಎನ್ನುವವನ್ನು ಎಷ್ಟು ಬೇಕಾದರೂ ಸೇರಿಸಿ, ಅದೂ ಮೊದಲ ಸುತ್ತಿಗೆ ಮುಂಚೆಯೇ. ಆಮೇಲೆ ಹೊಸದು ಸೇರಿಸಬಹುದು ಎಂದು ನಂಬಿ ಕೂರಬೇಡಿ.

ಹಂತ 5: ಅಣಕು ಹಂಚಿಕೆ, ಅಂದರೆ ಮೊದಲ ಸುತ್ತಿಗೆ ಮುಂಚಿನ ಮಾಕ್ ಅಲಾಟ್‌ಮೆಂಟ್. ಇಲ್ಲಿ ಬಂದದ್ದು ಸೀಟಲ್ಲ, ಬರೀ ತಾಲೀಮು. ಅದನ್ನು ನೋಡಿ ಹೆದರಿ ಪಟ್ಟಿಯನ್ನು ತಲೆಕೆಳಗು ಮಾಡುವವರೇ ಹೆಚ್ಚು. ತಪ್ಪು ಕಾಲೇಜು ಕೋಡ್ ಹಾಕಿದ್ದರೆ ತಿದ್ದಿ. ಕ್ರಮ ಬದಲಿಸಬೇಕು ಅನ್ನಿಸಿದರೆ ಚೀಟಿಯ ಮೇಲಿನ ಕಾರಣ ಬದಲಾಗಿದೆಯೇ ನೋಡಿಕೊಳ್ಳಿ.

ಹಂತ 6: ಸೀಟು ಹಂಚಿಕೆಯ ಫಲಿತಾಂಶಕ್ಕೆ ಮುಂಚೆಯೇ ಚಾಯ್ಸ್ ತೀರ್ಮಾನಿಸಿ. ಸೀಟು ಬಂದಮೇಲೆ ನಾಲ್ಕು ದಾರಿ. ಒಂದು, ಒಪ್ಪಿ ಫೀಸು ಕಟ್ಟಿ ಸೇರುವುದು. ಎರಡು, ಸಿಕ್ಕಿದ್ದನ್ನು ಇಟ್ಟುಕೊಂಡೇ ಮೇಲಿನವಕ್ಕೆ ಕಾಯುವುದು. ಮೂರು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಇದರ ಸಹವಾಸವೇ ಬೇಡವೆಂದು ಹೊರಬರುವುದು. ಫೀಸು, ಠೇವಣಿ, ಗಡುವಿನ ನಿಯಮಗಳು ಬದಲಾಗುತ್ತಿರುತ್ತವೆ. ಈ ವರ್ಷದ ಪ್ರಕಟಣೆಯನ್ನೇ ಓದಿ, ಕಳೆದ ವರ್ಷದ ಅಣ್ಣ ಹೇಳಿದ್ದನ್ನಲ್ಲ.

ಎರಡನೆಯದರಲ್ಲಿ ಒಂದು ಮುಳ್ಳಿದೆ. ಮೇಲಿನದು ಸಿಕ್ಕಿದರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ‘ಅಯ್ಯೋ, ಹಳೇದೇ ಚೆನ್ನಾಗಿತ್ತು’ ಎಂದರೆ ಯಾರೂ ಕೇಳುವುದಿಲ್ಲ, ಮೇಲೆ ಬರೆದವರು ನೀವೇ. ಇನ್ನು ಮೂರನೆಯದು: ಕೈಗೆ ಬಂದ ತುತ್ತು ಬಾಯಿಗೆ ಬರದ ಕಥೆಗಳೆಲ್ಲ ನನಗೆ ಸಿಕ್ಕಿದ್ದು ಅಲ್ಲೇ. ನನ್ನ ಅಕ್ಕನ ಮಗನೇ ಒಬ್ಬ. ಆವೇಶದಲ್ಲಿ ಮೂರನ್ನು ಒತ್ತಿದ, ಮುಂದಿನ ಸುತ್ತಿನಲ್ಲಿ ಏನೂ ಬರಲಿಲ್ಲ. ಅವನ ಪಕ್ಕದಲ್ಲೇ ಕೂತಿದ್ದ ನಾನು ಬಾಯಿಬಿಡಲಿಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ಎಲ್ಲರ ಕೈಯಲ್ಲೂ ಒಂದು ಹಾಳೆ ಬರೆಸಿ ಫ್ರಿಜ್ಜಿಗೆ ಅಂಟಿಸಲು ಹೇಳುತ್ತೇನೆ: ‘ಮೊದಲ ಮೂರರಲ್ಲಿ ಬಂದರೆ ಚಾಯ್ಸ್ ಒಂದು. ನಾಲ್ಕರಿಂದ ಕೊನೆಯವರೆಗೆ ಎರಡು.’ ಕೆಳಗೆ ತಾರೀಖು, ಸಹಿ. ಫಲಿತಾಂಶದ ಸಂಜೆ ಎದೆ ಡವಗುಟ್ಟುವಾಗ ಯೋಚನೆ ಮಾಡುವಂತಿಲ್ಲ, ಹಾಳೆ ಓದಿ ಒತ್ತುವುದಷ್ಟೆ.

ಆ ಸಂಜೆ ಬಂದದ್ದು ಹದಿನೆಂಟನೆಯ ಆಯ್ಕೆಯೇ ಆಗಿರಬಹುದು. ಚೀಟಿ ಹುಡುಕಿ ತೆಗೆದು ಅದರ ಮೇಲಿನ ಎರಡು ಪದ ಓದಿ. ಅದನ್ನು ಬರೆದದ್ದೂ ನಿಮ್ಮದೇ ಕೈ, ತಲೆ ತಣ್ಣಗಿದ್ದಾಗ. ಮಗು ಊಟ ಬಿಟ್ಟು, ಮಾತು ಬಿಟ್ಟು, ದಿನಗಟ್ಟಲೆ ಕೋಣೆ ಬಿಟ್ಟು ಬರದಿದ್ದರೆ ಅಥವಾ ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಒಂದೇ ಸಲ ಬಂದರೂ ಉಪದೇಶ ಮಾಡಬೇಡಿ. ಜೊತೆಗೇ ಇರಿ, 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಂತ 7: ಇದು ಅಣಕು ಹಂಚಿಕೆಗೂ ಮುಂಚಿನ ಕೆಲಸ, ಕೊನೆಗೆ ಹೇಳುತ್ತಿದ್ದೇನೆ ಅಷ್ಟೆ. ಎಂಟ್ರಿ ಮನೆಯಲ್ಲೇ, ಬೆಳಿಗ್ಗೆ ಹೊತ್ತು ಮಾಡಿ. ಒಬ್ಬರು ಚೀಟಿ ಓದಬೇಕು, ಇನ್ನೊಬ್ಬರು ಒತ್ತಬೇಕು. ಸೇವ್ ಮಾಡಿ ಪ್ರಿಂಟ್ ತೆಗೆದು, ಚೀಟಿಗಳ ಜೊತೆ ಒಂದೊಂದೇ ಟಿಕ್ ಹಾಕಿ. ಸೈಬರ್ ಸೆಂಟರಿಗೆ ಹೋಗಲೇಬೇಕಾದರೆ ಪಾಸ್‌ವರ್ಡ್ ನೀವೇ ಹೊಡೆಯಿರಿ, ಎದ್ದು ಬರುವ ಮುಂಚೆ ಲಾಗ್‌ಔಟ್ ಆಗಿ. ಅಂಗಡಿಯವನು ‘ಪಟ್ಟಿ ನಾನೇ ತುಂಬಿಸ್ತೀನಿ, ನೀವು ಟೀ ಕುಡ್ಕೊಂಡು ಬನ್ನಿ’ ಎಂದರೆ, ಟೀಯನ್ನು ಅಲ್ಲಿಗೇ ತರಿಸಿಕೊಳ್ಳಿ.