ಬಳ್ಳಾರಿ ಬಿಸಿಲಲ್ಲಿ ಮಿಕ್ಸ್ಡ್ ಮೀಡಿಯಾ ಚಿತ್ರ: ಜೀನ್ಸ್ ಚೂರು, ರಂಗೋಲಿ ಅಚ್ಚು, ಅಕ್ರಿಲಿಕ್ ಬಣ್ಣ

ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲಿ ಅಕ್ರಿಲಿಕ್ ಬಣ್ಣ ತಟ್ಟೆಗೆ ಹಾಕಿ ನೋಡಿ. ಬ್ರಷ್ ಹುಡುಕಿ ತರುವಷ್ಟರಲ್ಲಿ ಹಾಲಿನ ಕೆನೆ ಥರ ಮೇಲೊಂದು ಪದರ ಕಟ್ಟಿರುತ್ತದೆ. ವಿಡಿಯೋಗಳಲ್ಲಿ ಹಳದಿಯನ್ನು ಕೇಸರಿಯೊಳಗೆ ಆರಾಮಾಗಿ ತೀಡುತ್ತಾ ಕೂರುತ್ತಾರಲ್ಲ, ಅಷ್ಟು ಹೊತ್ತು ನಮಗೆ ಸಿಗುವುದಿಲ್ಲ. ಆದರೆ ಸ್ಟೆನ್ಸಿಲ್ ಕೆಲಸಕ್ಕೆ, ಅಂದರೆ ಕೊರೆದ ಅಚ್ಚು ಇಟ್ಟು ಅದರ ತೂತಿನ ಮೂಲಕ ಬಣ್ಣ ತಟ್ಟುವುದಕ್ಕೆ, ಇದೇ ಬಿಸಿಲು ದೊಡ್ಡ ಅನುಕೂಲ, ಯಾಕೆಂದರೆ ಸ್ಟೆನ್ಸಿಲ್‌ನಲ್ಲಿ ಅರ್ಧ ಕೆಲಸವೇ ಒಂದು ಪದರ ಒಣಗಲಿ ಅಂತ ಕಾಯುವುದು, ಮತ್ತು ಇಲ್ಲಿ ಅದು ಐದು ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ನಾನು ಕೆಲಸವನ್ನು ಹೊತ್ತಿಗೆ ತಕ್ಕ ಹಾಗೆ ಹಂಚಿಕೊಂಡಿದ್ದೇನೆ. ದಪ್ಪ ಪೇಸ್ಟ್ ಮತ್ತು ಅಂಟಿಸುವ ಕೆಲಸ ಸಂಜೆ. ಬಣ್ಣ ಬೆರೆಸುವ ಕೆಲಸ ಮಾರನೆಯ ದಿನ ಬೆಳಗ್ಗೆ 9ರೊಳಗೆ. ಸ್ಟೆನ್ಸಿಲ್ ಬಿಸಿಲು ಏರಿದ ಮೇಲೆ. ಇಷ್ಟು ಬದಲಿಸಿಕೊಂಡ ಮೇಲೆ ನನ್ನ ಚಿತ್ರಗಳು ನಿಜವಾಗಿ ಚೆನ್ನಾಗಿ ಬರತೊಡಗಿದವು.

ಮಿಕ್ಸ್ಡ್ ಮೀಡಿಯಾ ಅಂದರೆ ಬಣ್ಣದ ಜೊತೆ ಬಟ್ಟೆ, ಕಾಗದ, ಪೇಸ್ಟ್ ಎಲ್ಲ ಸೇರಿಸಿ ಮಾಡುವ ಚಿತ್ರ. ಇಲ್ಲಿ ಒಂದೇ ಚಿತ್ರ ಹಿಡಿದು ಹೇಳುತ್ತೇನೆ: ನಮ್ಮ ಬಳ್ಳಾರಿ ಗುಡ್ಡ, ಹಿಂದೆ ಕೇಸರಿ ಆಕಾಶ, ಮೂಲೆಯಲ್ಲಿ ರಂಗೋಲಿಯ ಸೂರ್ಯ. ಗುಡ್ಡದ ಬಂಡೆಗಳು ಜೀನ್ಸ್ ಚೂರುಗಳಿಂದ. ಊರಿನ ತುಂಬಾ ಜೀನ್ಸ್ ಹೊಲಿಯುವ ಘಟಕಗಳಿವೆ ಅಲ್ವಾ, ಗೊತ್ತಿದ್ದವರನ್ನು ಕೇಳಿದರೆ ಕಟಿಂಗ್ ಟೇಬಲ್ ಕೆಳಗೆ ಬಿದ್ದ ಚೂರುಗಳನ್ನು ಒಂದು ಚೀಲ ತುಂಬಿ ಕೊಡುತ್ತಾರೆ. ಇಲ್ಲದಿದ್ದರೆ ಮನೆಯಲ್ಲಿ ಮೊಣಕಾಲು ಹರಿದ ಪ್ಯಾಂಟ್ ಇದ್ದೇ ಇರುತ್ತದೆ. ಹೊಸ ಚೂರಾದರೆ ಮೊದಲು ಒಗೆದು ಒಣಗಿಸಿ, ಇಲ್ಲದಿದ್ದರೆ ನೀಲಿ ಬಿಟ್ಟು ಮೇಲಿನ ಬಿಳಿ ಬಣ್ಣವೆಲ್ಲ ಮಾಸಲಾಗುತ್ತದೆ.

ಬೇರೆ ಸಾಮಾನು ಜಾಸ್ತಿ ಬೇಡ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು, ಪ್ಲೈವುಡ್ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಅಕ್ರಿಲಿಕ್ ಬಣ್ಣ, ಬೇಕಾದರೆ ಬಂಗಾರದ್ದು ಒಂದು. ಬಿಳಿ ಮಾತ್ರ ದೊಡ್ಡ ಡಬ್ಬಿ ತನ್ನಿ, ಅದೇ ಮೊದಲು ಖಾಲಿಯಾಗುವುದು. ಫೆವಿಕಾಲ್, ಸ್ವಲ್ಪ ವಾಲ್ ಪುಟ್ಟಿ ಪುಡಿ, ಮಾಸ್ಕಿಂಗ್ ಟೇಪ್, ಎರಡು ಚಪ್ಪಟೆ ಬ್ರಷ್, ಸೋಫಾ ಫೋಮಿನ ತುಂಡುಗಳು. ಸ್ಟೆನ್ಸಿಲ್‌ಗೆ ಸಂತೆಯಲ್ಲಿ, ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ರಂಗೋಲಿ ಅಚ್ಚು ಒಂದು, ಮತ್ತೆ ನಾವೇ ಕೊರೆಯಲು ದಪ್ಪ ಪ್ಲಾಸ್ಟಿಕ್ ಫೈಲ್ ಕವರ್ ಒಂದು.

ಮೊದಲ ಸಂಜೆ ಬೋರ್ಡಿಗೆ ಸ್ಯಾಂಡ್ ಪೇಪರ್ ಹಗುರವಾಗಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಗೋಡೆಗೆ ಹಚ್ಚುವ ವಾಟರ್ ಬೇಸ್ ಪ್ರೈಮರನ್ನೇ ಎರಡು ಸಲ ಹಚ್ಚಿ. ಎಂಡಿಎಫ್ ಬದಲು ರಟ್ಟು ತಗೊಂಡರೆ ಹಿಂಬದಿಗೂ ಹಚ್ಚಲೇಬೇಕು. ಒಂದೇ ಬದಿ ಒದ್ದೆಯಾದ ರಟ್ಟು ಒಣಗುವಾಗ ಹಪ್ಪಳದ ಥರ ಬಾಗುತ್ತದೆ, ಆಮೇಲೆ ಎಷ್ಟು ಪುಸ್ತಕ ಹೇರಿದರೂ ನೆಟ್ಟಗಾಗುವುದಿಲ್ಲ.

ಈಗ ಜೀನ್ಸ್. ಒಂದು ಚೂರನ್ನು ಕಣ್ಣ ಹತ್ತಿರ ಹಿಡಿದು ನೋಡಿ: ಉದ್ದಕ್ಕೆ ಹೋದ ದಾರ ನೀಲಿ, ಅಡ್ಡಕ್ಕೆ ಹೋದ ದಾರ ಬಿಳಿ. ಹಾಗಾಗಿ ಅಂಚಿನಿಂದ ನೀಲಿ ದಾರಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಅಲ್ಲಿ ಬಿಳಿ ಕುಚ್ಚು ಉಳಿಯುತ್ತದೆ. ಬಂಡೆಯ ಅಂಚಿಗೆ ಬೆಳಗಿನ ಬೆಳಕು ಬಿದ್ದ ಹಾಗೆ ಕಾಣುತ್ತದೆ, ಬಣ್ಣವೇ ಬೇಡ. ಐದಾರು ದಾರ ತೆಗೆದರೆ ಸಾಕು. ಚೂರುಗಳನ್ನು ಬಂಡೆಯ ಆಕಾರಕ್ಕೆ ದುಂಡಗೆ ಕತ್ತರಿಸಿ, ಕಡು ನೀಲಿ ಕೆಳಗೆ, ಮಾಸಿದ ನೀಲಿ ಮೇಲೆ ಬರುವ ಹಾಗೆ ಜೋಡಿಸಿ ನೋಡಿ, ಸಮಾಧಾನ ಆದ ಮೇಲೆ ಅಂಟಿಸಿ. ಫೆವಿಕಾಲ್‌ಗೆ ನೀರು ಬೆರೆಸಬೇಡಿ. ಬಟ್ಟೆ ಮತ್ತು ಬೋರ್ಡ್ ಎರಡಕ್ಕೂ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಲಟ್ಟಣಿಗೆ ಉರುಳಿಸಿ.

ಹಳೇ ಲಗ್ನಪತ್ರಿಕೆ, ಕ್ಯಾಲೆಂಡರ್ ಹಾಳೆ, ಬಸ್ ಟಿಕೆಟ್ ಏನು ಬೇಕಾದರೂ ಹೀಗೇ ಸೇರಿಸಬಹುದು. ಲಗ್ನಪತ್ರಿಕೆಯಲ್ಲಿ ದೇವರ ಚಿತ್ರ ಇದ್ದರೆ ಅದನ್ನು ಕತ್ತರಿಸಿ ಬೇರೆ ಇಡಿ, ಅದರ ಮೇಲೆ ಬಣ್ಣ ಬಳಿಯಲು ನನಗಂತೂ ಮನಸ್ಸಾಗುವುದಿಲ್ಲ. ಕಾಗದ ಅಂಟಿಸಿ ಒಣಗಿದ ಮೇಲೆ, ನೀರು ಬೆರೆಸಿದ ಫೆವಿಕಾಲ್ ಒಂದು ಪದರ ಮೇಲೂ ಹಚ್ಚಿ.

ಅದೇ ಸಂಜೆ ಉಬ್ಬು ಕೆಲಸ. ಎರಡು ಚಮಚ ಪುಟ್ಟಿ ಪುಡಿ, ಒಂದು ಚಮಚ ಫೆವಿಕಾಲ್, ಹನಿ ಹನಿಯಾಗಿ ನೀರು. ಹದ ಶ್ರೀಖಂಡದ ಹಾಗಿರಬೇಕು, ಚಮಚ ಓರೆ ಮಾಡಿದರೆ ಜಾರಬಾರದು. ರಂಗೋಲಿ ಅಚ್ಚನ್ನು ಮೂಲೆಯಲ್ಲಿ ಅರ್ಧ ಬೋರ್ಡಿನ ಹೊರಗೆ ಹೋಗುವ ಹಾಗೆ ಇಡಿ, ಗುಡ್ಡದ ಹಿಂದಿಂದ ಅರ್ಧ ಮೇಲೆ ಬಂದ ಸೂರ್ಯ ಅದು. ಟೇಪ್ ಹಚ್ಚಿ, ಹಳೇ ಎಟಿಎಂ ಕಾರ್ಡಿನಿಂದ ಪೇಸ್ಟನ್ನು ಒಂದೇ ಎಳೆತದಲ್ಲಿ ಸವರಿ, ಹಿಂದೆ ಮುಂದೆ ತಿಕ್ಕಬೇಡಿ. ಅಚ್ಚನ್ನು ನೇರ ಮೇಲಕ್ಕೆ ಎತ್ತಿ ಆಗಲೇ ತೊಳೆಯಿರಿ. ಪೇಸ್ಟ್ ಒಣಗಿ ಕೂತರೆ ಅಚ್ಚಿನ ಸಣ್ಣ ತೂತುಗಳು ಮುಚ್ಚಿ ಹೋಗುತ್ತವೆ.

ಈ ಉಬ್ಬು ಚಿತ್ತಾರ ನಮ್ಮ ಕಡೆಗೆ ಹೊಸದಲ್ಲ. ಕೊಪ್ಪಳ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗಳಿಗೆ ಒಡವೆ ಮೂಡಿಸುವುದು ಕಲ್ಲಿನ ಪುಡಿಗೆ ಅಂಟು ಕಲಸಿದ ಪೇಸ್ಟಿನಿಂದಲೇ. ಗೊಂಬೆಯ ಭಾಗಗಳನ್ನು ಕೂಡಿಸಿದ ಮೇಲೆ ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು, ಸೆಣಬಿನ ಪುಡಿ ಸೇರಿಸಿದ ಕಿಟ್ಟವನ್ನು ಮೈಗೆಲ್ಲ ಸವರುತ್ತಾರೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕಲೆ ಅದು. ಒಂದು ಕಿನ್ನಾಳ ಗೊಂಬೆ ಕೈಗೆ ಸಿಕ್ಕರೆ ಕೊರಳಿನ ಸರದ ಮೇಲೆ ಬೆರಳಾಡಿಸಿ ನೋಡಿ, ಉಬ್ಬು ಎಷ್ಟಿದ್ದರೆ ಸಾಕು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ನಮ್ಮ ಪೇಸ್ಟಿನ ಉಬ್ಬು ಎರಡು ಮಿಲಿಮೀಟರ್ ದಾಟದಿರಲಿ. ಬಿಸಿಲಿಗಂತೂ ಇಡಲೇಬೇಡಿ. ಮೇಲ್ಭಾಗ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ ಇರುತ್ತದೆ, ಆಗ ಬೇಸಿಗೆಯ ಕೆರೆಯ ತಳದ ಥರ ಬಿರುಕು ಬಿಡುತ್ತದೆ. ರಾತ್ರಿಯಿಡೀ ನೆರಳಲ್ಲಿ ಇರಲಿ. ಧೂಳು ಕೂರದಂತೆ ಮೇಲೆ ಬುಟ್ಟಿ ಬೋರಲು ಹಾಕಿ, ಅದರಲ್ಲೂ ಅದಿರಿನ ಲಾರಿ ಓಡುವ ರಸ್ತೆ ಪಕ್ಕದ ಮನೆಯಾದರೆ ಮರೆಯಬೇಡಿ.

ಬೆಳಗ್ಗೆ ಎದ್ದ ಕೂಡಲೇ ಆಕಾಶ. ಫ್ಯಾನ್ ಆಫ್ ಮಾಡಿ, ಬಣ್ಣ ಒಣಗಿಸುವುದರಲ್ಲಿ ಫ್ಯಾನು ಬಿಸಿಲಿಗಿಂತ ಕಮ್ಮಿ ಇಲ್ಲ. ಬಣ್ಣಕ್ಕೊಂದು ಒದ್ದೆ ತಟ್ಟೆ ಮಾಡಿಕೊಳ್ಳಿ: ಮುಚ್ಚಳ ಇರುವ ಅಗಲ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ನಾಲ್ಕು ಮಡಿಕೆ ಹಾಕಿದ ಒದ್ದೆ ಕಾಟನ್ ಬಟ್ಟೆ, ಅದರ ಮೇಲೆ ಬಟರ್ ಪೇಪರ್, ಪೇಪರಿನ ಮೇಲೆ ಬಣ್ಣ. ಕೆಳಗಿನ ತೇವ ಬಣ್ಣವನ್ನು ಹಸಿಯಾಗಿ ಇಡುತ್ತದೆ. ಮುಚ್ಚಳ ಹಾಕಿಟ್ಟರೆ ಮಾರನೆಯ ದಿನಕ್ಕೂ ಬರುತ್ತದೆ. ನನಗೆ ಇದು ಗೊತ್ತಾಗುವ ಮುಂಚೆ ಎಷ್ಟು ಬಣ್ಣ ತಟ್ಟೆಯಲ್ಲೇ ಒಣಗಿ ಹೋಯಿತೋ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಕ್ರಿಲಿಕ್ ಅಂದರೆ ಬಣ್ಣದ ಪುಡಿ, ಜೊತೆಗೆ ನೀರಿನಲ್ಲಿ ತೇಲುವ ಅಕ್ರಿಲಿಕ್ ಅಂಟಿನ ಸಣ್ಣ ಕಣಗಳು. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಕೂಡಿಕೊಂಡು ಪ್ಲಾಸ್ಟಿಕ್ ಹಾಳೆಯಂತಾಗುತ್ತವೆ, ಮತ್ತೆ ನೀರು ಹಾಕಿದರೂ ಕರಗುವುದಿಲ್ಲ. ಹಸಿ ಅಂಟು ಹಾಲಿನ ಹಾಗೆ ಬೆಳ್ಳಗಿದ್ದು ಒಣಗಿದಾಗ ತಿಳಿಯಾಗುವುದರಿಂದ, ಬಣ್ಣ ಒಣಗಿದ ಮೇಲೆ ಒಂದು ಛಾಯೆ ಕಡುವಾಗುತ್ತದೆ. ಆದ್ದರಿಂದ ಆಕಾಶಕ್ಕೆ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಕಲಸಿ. ಗುಡ್ಡದ ಅಂಚಿನ ಹತ್ತಿರ ಹಳದಿ, ಮೇಲೆ ಹೋಗುತ್ತಾ ಕೇಸರಿ, ತುದಿಯಲ್ಲಿ ಕೆಂಪು. ಅಂಗೈ ಅಗಲದ ಜಾಗ ಒಂದನ್ನು ಮುಗಿಸಿ ಮುಂದೆ ಹೋಗಿ, ಮಧ್ಯೆ ಮಧ್ಯೆ ಸ್ಪ್ರೇ ಬಾಟಲಿಯಿಂದ ಒಂದು ಸಲ ನೀರು ಚಿಮುಕಿಸಿ. ಸೂರ್ಯನ ಉಬ್ಬಿನ ಮೇಲೂ ಈ ಬಣ್ಣ ಹೋಗಲಿ. ಉಳಿದ ಆಕಾಶದ ಬಣ್ಣವನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿಡಿ, ಬಿಸಾಡಬೇಡಿ, ಆಮೇಲೆ ಇದು ಬೇಕೇ ಬೇಕು.

ಕೆಂಪಿಗೆ ಇನ್ನೊಂದು ದಾರಿ ಇದೆ. ಸಂಡೂರು ಕಡೆಯ ಕೆಂಪು ಮಣ್ಣು ಇದೆಯಲ್ಲ, ಅದರ ಕೆಂಪು ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸದ ಬಣ್ಣ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಸುತ್ತಮುತ್ತಲ ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳೂ ಕೆಂಪು ಬಣ್ಣದವೇ. ಒಂದು ಹಿಡಿ ಮಣ್ಣನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ, ಫೆವಿಕಾಲ್ ಮತ್ತು ಸ್ವಲ್ಪ ನೀರಲ್ಲಿ ಕಲಸಿದರೆ ಗುಡ್ಡದ ಬುಡಕ್ಕೆ ಇದಕ್ಕಿಂತ ಒಳ್ಳೇ ಬಣ್ಣ ಯಾವ ಬಾಟಲಿಯಲ್ಲೂ ಇಲ್ಲ.

ಬಿಸಿಲು ಏರಿತು, ಈಗ ಸ್ಟೆನ್ಸಿಲ್. ಕೊರೆಯುವುದರಲ್ಲಿ ಹೊಸಬರು ಮುಗ್ಗರಿಸುವುದು ಒಂದೇ ಕಡೆ. ಉದಾಹರಣೆಗೆ ಬಳ್ಳಾರಿ ಅಂತ ಅಕ್ಷರ ಕೊರೆಯುತ್ತೀರಿ ಅಂದುಕೊಳ್ಳಿ. 'ರಿ'ಯ ದುಂಡು ಕೊರೆದ ಕೂಡಲೇ ಒಳಗಿನ ಬಿಲ್ಲೆ ಕಳಚಿ ಬಿದ್ದು ಬರೀ ಒಂದು ದೊಡ್ಡ ತೂತು ಉಳಿಯುತ್ತದೆ. ಒಳಗಿನ ಬಿಲ್ಲೆಯನ್ನು ಹಿಡಿದಿಡಲು ಎರಡು ಕಡೆ ಸಣ್ಣ ಕೊಂಡಿ ಬಿಡಬೇಕು. ಗೋಣಿಚೀಲದ ಮೇಲೆ ಅಚ್ಚು ಹಾಕಿದ ಅಕ್ಷರಗಳಲ್ಲಿ ಮಧ್ಯೆ ಮಧ್ಯೆ ಕಡಿದ ಹಾಗೆ ಕಾಣುತ್ತದಲ್ಲ, ಅದು ಇದೇ ಕೊಂಡಿ. ಮೂರು ಮಿಲಿಮೀಟರಿಗಿಂತ ಸಣ್ಣದು ಮಾಡಿದರೆ ಎರಡನೇ ಸಲ ತೊಳೆಯುವಾಗ ಹರಿಯುತ್ತದೆ. ಒಳಗಿನ ಸಣ್ಣ ಆಕಾರ ಮೊದಲು ಕೊರೆಯಿರಿ, ದೊಡ್ಡದು ಆಮೇಲೆ. ತಿರುವಿನಲ್ಲಿ ಬ್ಲೇಡ್ ತಿರುಗಿಸದೆ ಹಾಳೆಯನ್ನು ತಿರುಗಿಸಿ. ನಮ್ಮ ಚಿತ್ರಕ್ಕೆ ನಾಲ್ಕೈದು ಗಿಳಿ ಕೊರೆದುಕೊಂಡರೆ ಸಾಕು.

ಬಣ್ಣ ಹಾಕುವುದು ಹೀಗೆ. ಫೋಮಿನ ತುಂಡಿಗೆ ಬಣ್ಣ ಮುಟ್ಟಿಸಿ, ಹಳೇ ಪೇಪರಿನ ಮೇಲೆ ಏಳೆಂಟು ಸಲ ಒತ್ತಿ ಒತ್ತಿ ತೆಗೆಯಿರಿ. ಇನ್ನು ಬಣ್ಣವೇ ಇಲ್ಲವೇನೋ ಅನ್ನಿಸಿದಾಗ ಸರಿಯಾಗಿದೆ ಅಂತ ಅರ್ಥ. ನೇರ ಮೇಲಿಂದ ಕೆಳಕ್ಕೆ ತಟ್ಟಿ, ಎಳೆಯಬೇಡಿ. ಮೊದಲ ಸಲ ಮಸುಕಾಗಿ ಕಾಣುತ್ತದೆ, ಕಾಣಲಿ. ಎರಡು ನಿಮಿಷ ಬಿಟ್ಟು ಮತ್ತೆ ತಟ್ಟಿ, ಮತ್ತೆ ಬಿಟ್ಟು ಮೂರನೇ ಸಲ. ಅಕ್ಕನ ಮನೆ ಗೃಹಪ್ರವೇಶಕ್ಕೆ ಅಂತ ನಾನು ಮಾಡಿದ ಮೊದಲ ನವಿಲು ಹಾಳಾಗಿದ್ದೇ ಇದಕ್ಕೆ. ಒಂದೇ ಸಲಕ್ಕೆ ಗಾಢವಾಗಿ ಬರಲಿ ಅಂತ ಬಣ್ಣ ತುಂಬಿಸಿ ಒತ್ತಿದ್ದೆ, ಅಚ್ಚಿನ ಅಡಿಗೆಲ್ಲ ನುಗ್ಗಿ ಒಂದೊಂದು ಗರಿಗೂ ಮೀಸೆ ಬಂದಿತ್ತು. ರಾತ್ರಿಯೆಲ್ಲ ಕೂತು ಮತ್ತೆ ಮಾಡಿದೆ.

ಅಂಚು ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ಬರಬೇಕೆಂದರೆ, ಅಚ್ಚು ಇಟ್ಟು ಮೊದಲು ಆಕಾಶದ ಬಣ್ಣವನ್ನೇ ಅದರ ಮೂಲಕ ತಟ್ಟಿ ಒಣಗಿಸಿ. ಅಚ್ಚಿನ ಅಡಿಗೆ ನುಸುಳುವುದಿದ್ದರೆ ಆ ಬಣ್ಣವೇ ನುಸುಳಿ ಸಂದು ಮುಚ್ಚುತ್ತದೆ, ಕೆಳಗೂ ಅದೇ ಬಣ್ಣ ಇರುವುದರಿಂದ ಕಾಣುವುದಿಲ್ಲ. ಆಮೇಲೆ ಗಿಳಿಯ ಹಸಿರು. ಡಬ್ಬಿಯಲ್ಲಿ ಉಳಿಸಿಕೊಳ್ಳಿ ಅಂದಿದ್ದು ಇದಕ್ಕೇ. ಇಷ್ಟಾದರೂ ಎಲ್ಲಾದರೂ ಹರಡಿದರೆ ಒಣಗಿದ ಮೇಲೆ ಸಣ್ಣ ಬ್ರಷ್‌ನಿಂದ ಅದೇ ಬಣ್ಣದಲ್ಲಿ ಮುಚ್ಚಿಬಿಡಿ.

ಕೇಸರಿ ಹಸಿ ಇರುವಾಗ ಹಸಿರು ಮುಟ್ಟಿಸಿದರೆ ಕೆಸರಿನ ಬಣ್ಣ ಬರುತ್ತದೆ. ಕೆಳಗಿನದು ಪೂರ್ತಿ ಒಣಗಿದ್ದರೆ ಎರಡೂ ಪಕ್ಕಪಕ್ಕ ಹೊಳೆಯುತ್ತವೆ. ಜೀನ್ಸ್ ಮೇಲೆ ಹಳದಿ ಅಥವಾ ಕೆಂಪು ಬೇಕಾದರೆ ಕೆಳಗೆ ಬಿಳಿ ಹಾಕಲೇಬೇಕು, ಇಲ್ಲದಿದ್ದರೆ ಬಟ್ಟೆ ಬಣ್ಣ ಕುಡಿದು ಹಳದಿ ಹಸಿರಾಗಿ ಕಾಣುತ್ತದೆ. ಜಾಸ್ತಿ ಬಣ್ಣ ಸೇರಿ ಕಣ್ಣಿಗೆ ಗದ್ದಲ ಅನ್ನಿಸಿದರೆ ಸಂಡೂರಿನ ಲಂಬಾಣಿ ಕಸೂತಿ ನೋಡಿ. ಕೆಂಪು, ಹಳದಿ, ನೀಲಿ, ಹಸಿರು ಎಲ್ಲ ಒಟ್ಟಿಗಿದ್ದರೂ ಜಗಳ ಆಡುವುದಿಲ್ಲ, ಮಧ್ಯೆ ಬಿಳಿ ಹೊಲಿಗೆ ಗೆರೆ ಎಳೆದು ಬೇರೆ ಬೇರೆ ಕೂರಿಸಿರುತ್ತದೆ. ನೀವೂ ಬಂಡೆಗೂ ಆಕಾಶಕ್ಕೂ ಮಧ್ಯೆ ಸಣ್ಣ ಬ್ರಷ್‌ನಿಂದ ಬಿಳಿ ಚುಕ್ಕೆ, ಗೆರೆ ಇಟ್ಟು ನೋಡಿ. ಸೂರ್ಯನ ಉಬ್ಬಿನ ಮೇಲೆ ಬಂಗಾರದ ಬಣ್ಣವನ್ನು ಬೆರಳ ತುದಿಯಿಂದ ಸವರಿದರೆ ಮೇಲಿನ ಅಂಚಿಗಷ್ಟೇ ಹಿಡಿಯುತ್ತದೆ, ಅದು ತುಂಬಾ ಚಂದ. ಕನ್ನಡಿ ಚೂರು, ಕವಡೆ ಅಂಟಿಸುವುದಿದ್ದರೆ ಕೊನೆಗೆ.

ಬ್ರಷ್ ಕೆಲಸದ ಮಧ್ಯೆ ನೀರಲ್ಲೇ ಇರಲಿ, ಆದರೆ ಕೂದಲು ತಳಕ್ಕೆ ಒತ್ತಿ ಬಾಗಬಾರದು. ಮುಗಿದ ತಕ್ಷಣ ಸೋಪು ಹಾಕಿ ತೊಳೆಯಿರಿ. ತಟ್ಟೆಯಲ್ಲಿ ಉಳಿದ ಬಣ್ಣ ಸಿಂಕಿಗೆ ಬೇಡ, ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ.

ವಾರ್ನಿಶ್‌ಗೆ ಒಂದು ದಿನ ಪೂರ್ತಿ ಬಿಡಿ, ಪೇಸ್ಟ್ ದಪ್ಪ ಇದ್ದರೆ ಎರಡು ದಿನ. ವಾಟರ್ ಬೇಸ್ ವಾರ್ನಿಶ್ ಆಗಲಿ, ಬಾಟಲಿ ಕುಲುಕಬೇಡಿ, ಗುಳ್ಳೆ ಏಳುತ್ತದೆ, ಸುಮ್ನೆ ಕಡ್ಡಿಯಿಂದ ಕಲಕಿ. ಮೊದಲ ಸಲ ಉದ್ದಕ್ಕೆ, ಎರಡನೇ ಸಲ ಅಡ್ಡಕ್ಕೆ. ಜೀನ್ಸ್ ಕುಚ್ಚಿಗೆ ತಾಗಿಸಬೇಡಿ, ಗಟ್ಟಿಯಾಗಿ ಕಡ್ಡಿ ಥರ ನಿಂತುಬಿಡುತ್ತದೆ.

ಒಣಗಿದ ಅಕ್ರಿಲಿಕ್ ಕೂಡ ಬಿಸಿಗೆ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಇಟ್ಟು ಬೀರುವಿಗೆ ಸೇರಿಸಿದರೆ ಒಂದರ ಬಣ್ಣ ಇನ್ನೊಂದಕ್ಕೆ ಅಂಟಿ ಕಿತ್ತು ಬರುತ್ತದೆ. ನಿಲ್ಲಿಸಿ ಇಡಿ, ಒಂದರ ಮೇಲೊಂದು ಇಡಲೇಬೇಕಾದರೆ ಮಧ್ಯೆ ಬಟರ್ ಪೇಪರ್ ಹಾಕಿ. ಗೋಡೆಗೆ ಹಾಕುವಾಗ ಪಡುವಣ ಬಿಸಿಲು ನೇರ ಬೀಳದ ಗೋಡೆ ನೋಡಿ ಮೊಳೆ ಹೊಡೆಯಿರಿ.